ನಲವತ್ತೇಳನೆಯ ಪುಟದ ತಪ್ಪು

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗಡಿಬಿಡಿ,

ಹೇಗಿದ್ದೀಯಪ್ಪಾ? ಸೊಂಟದ ನೋವು ಕಡಿಮೆಯಾಯಿತೇ? ಎರಡು ಕಂಬಳಿ ಕೊಟ್ಟಿದ್ದಾರೆಂದು ಬರೆದಿದ್ದೆ. ಚಳಿ ಹೋಯಿತಲ್ಲ, ಒಂದನ್ನು ಮಡಚಿ ಕೆಳಗೆ ಹಾಸಿಕೋ. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಮತ್ತೆ ಏರಿದೆ. ಕಾಲೇಜಿನ ಲೈಬ್ರರಿಯಲ್ಲಿ ಮೇಲಿನ ಸಾಲಿನ ಪುಸ್ತಕಗಳ ಹೆಸರು ಓದಲು ಕತ್ತು ಚಾಚುವಾಗ ಕೊಕ್ಕರೆಯ ಹಾಗೆ ಕಾಣುತ್ತೇನೆಂದು ಹುಡುಗಿಯರು ನಗುತ್ತಾರೆ. ಅಪ್ಪನಿಗೆ ಕೆಮ್ಮು ಹೋಗಿದೆ. ಕೋಪ ಹೋಗಿದೆಯೋ ಇಲ್ಲವೋ, ಈ ಪತ್ರ ಓದಿ ನೀನೇ ಹೇಳು.

ನೀನು ಪುಸ್ತಕ ಕೇಳಿ ಮೂರು ತಿಂಗಳಾಯಿತು. ಅಕ್ಕ ಮರೆತಳು ಅಂದುಕೊಂಡಿರುತ್ತೀಯ. ಮರೆತಿಲ್ಲ ಕಣೋ. ನಿನ್ನ ಡಿಸೆಂಬರಿನ ಪತ್ರ ನನಗೆ ಬಾಯಿಪಾಠವಾಗಿದೆ. “ಅಕ್ಕಾ, ಇಲ್ಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಇರೋದು ಒಂದೇ ಪುಸ್ತಕ, ಅದರಲ್ಲೂ ಅರ್ಧ ಹಾಳೆ ಇಲ್ಲ. ಅಕ್ಷರಕ್ಕೆ ಅಕ್ಷರ ಅದನ್ನೇ ನೋಡಿ ಬರೀತೀನಿ. ಆದ್ರೂ ಯಂತ್ರ ತಪ್ಪು ಅನ್ನುತ್ತೆ. ನಲವತ್ತೇಳನೇ ಪುಟ ದಾಟೋಕೇ ಆಗ್ತಿಲ್ಲ. ತಪ್ಪು ನನ್ನದೋ ಪುಸ್ತಕದ್ದೋ ಗೊತ್ತಾಗಲ್ಲ. ಒಂದು ಒಳ್ಳೇ ಪುಸ್ತಕ ಕಳಿಸ್ತೀಯಾ? ಇಲ್ಲಿರೋನಿಗೆ ತಪ್ಪು ತನ್ನದೇ ಅನ್ನಿಸಿಬಿಡುತ್ತೆ. ಜೂನ್ ಪರೀಕ್ಷೆ ಬಿಟ್ಟುಬಿಡೋಣ ಅಂತಿದ್ದೀನಿ.” ಈ ಕೊನೆಯ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ನಾಲ್ಕು ವರ್ಷಗಳಲ್ಲಿ ನೀನು ಏನನ್ನಾದರೂ ಬೇಕು ಎಂದು ಬರೆದದ್ದು ಅದೇ ಮೊದಲು, ಅದನ್ನೂ ಬಿಟ್ಟುಬಿಡುವ ಮಾತು.

ಮಾರನೆಯ ದಿನವೇ ಅಂಗಡಿಗೆ ಹೋದೆ. ನನ್ನ ವಿಷಯ ಗೊತ್ತಲ್ಲ, ಕಾವ್ಯದ ಕಪಾಟಿನ ಮುಂದೆ ನಿಂತು ಬೆಳೆದವಳು. ಅಲ್ಲಿ ಪುಸ್ತಕ ಹಳೆಯದಾದಷ್ಟೂ ಮರ್ಯಾದೆ ಜಾಸ್ತಿ. ಕಂಪ್ಯೂಟರ್ ಪುಸ್ತಕಗಳ ಈ ಕಪಾಟಿನಲ್ಲಿ ಲೆಕ್ಕ ತಲೆಕೆಳಗು. ಅಂಗಡಿಯವರು ನನ್ನ ಮುಖ ನೋಡಿ, “ಮೇಡಂ, ಇದು ಹಾಲಿನ ಅಂಗಡಿ ಇದ್ದ ಹಾಗೆ. ತಾರೀಖು ನೋಡ್ಕೊಂಡು ತಗೊಳ್ಳಿ” ಎಂದರು. ಕಂಪ್ಯೂಟರಿಗೆ ಆಜ್ಞೆ ಬರೆಯಲು ನೀನು ಕಲಿಯುತ್ತಿರುವ ಆ ಭಾಷೆ ಇನ್ನೂ ಬದಲಾಗುತ್ತಲೇ ಇದೆಯಂತೆ; ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಅದು ಒಂದು ಹೆಜ್ಜೆ ಮುಂದೆ ಹೋಗಿರುತ್ತದಂತೆ. ಮೂರು ಪುಸ್ತಕ ತೆಗೆದಿಟ್ಟರು. ಒಂದು, ಈ ವರ್ಷದ್ದೇ, ತೆಳ್ಳಗೆ, ಎಲ್ಲವೂ ಹೊಸದು. ಆದರೆ ಓದುವವನಿಗೆ ಮೊದಲೇ ಎಲ್ಲ ಗೊತ್ತಿದೆ ಎಂದುಕೊಂಡು ದಡಬಡ ಓಡುತ್ತದೆ, ನಿನ್ನ ಹಾಗೆ. ಇನ್ನೊಂದು, ಪುಟಕ್ಕೊಮ್ಮೆ “ಹೆಚ್ಚಿನ ವಿವರಕ್ಕೆ ನಮ್ಮ ವೆಬ್‌ಸೈಟ್ ನೋಡಿ” ಎನ್ನುತ್ತದೆ. ಗೋಡೆಯ ಒಳಗಿರುವವನಿಗೆ ಅದು ಬಾಗಿಲಿನ ಚಿತ್ರ ಬರೆದು ಹೋಗು ಅಂದ ಹಾಗೆ. ಮೂರನೆಯದು ನಿನ್ನ ಕ್ಲಾಸಿನದೇ ಪುಸ್ತಕ, ಹಾಳೆಗಳೆಲ್ಲ ಇರುವ ಪ್ರತಿ. ಹಳೆಯದು, ದಪ್ಪ, ಆದರೆ ಪಕ್ಕದಲ್ಲಿ ಕೂತು ಹೇಳಿಕೊಡುವಂಥ ದನಿ. ಮೂರನ್ನೂ ಎತ್ತಿ ಎತ್ತಿ ಇಟ್ಟೆ. ಕೊನೆಗೆ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಹುಡುಗಿಯನ್ನು ಕೇಳಿದೆ. “ಬೇರು ನೋಡಿ ಮೇಡಂ, ಚಿಗುರು ನೋಡ್ಬೇಡಿ. ಹೇಗೆ ಯೋಚ್ನೆ ಮಾಡ್ಬೇಕು ಅಂತ ಹೇಳೋ ಪುಸ್ತಕ ಹಳೇದಾದ್ರೂ ನಡೆಯುತ್ತೆ. ಬದಲಾಗಿರೋದು ಎಷ್ಟು ಮಹಾ, ತಿದ್ಕೊಂಡ್ರಾಯ್ತು” ಎಂದಳು. ಹಳೆಯ ಕಾವ್ಯವನ್ನು ಅಡಿಟಿಪ್ಪಣಿ ಹಿಡಿದುಕೊಂಡೇ ಓದಿ ಎಂ.ಎ. ಮಾಡಿದವಳಿಗೆ ಆ ಮಾತು ತಟ್ಟನೆ ಹಿಡಿಸಿತು, ಮೂರನೆಯದನ್ನೇ ಕೊಂಡೆ. ನಿಮ್ಮ ಕ್ಲಾಸಿನ ಯಂತ್ರದಲ್ಲಿರುವ ಭಾಷೆಯ ಆವೃತ್ತಿ ಎಂದು ನೀನು ಬರೆದು ಕಳಿಸಿದ್ದ ನಂಬರನ್ನು ಅವಳಿಗೆ ತೋರಿಸಿದೆ. ಅದನ್ನೇ ತನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಕೊಟ್ಟಳು, ಪುಣ್ಯಾತ್ಗಿತ್ತಿ.

ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು, ಪುಸ್ತಕದ ಒಂದೊಂದು ಲೆಕ್ಕವನ್ನೂ ಟೈಪ್ ಮಾಡಿ ನೋಡತೊಡಗಿದೆ. ಯಾವುದು ನಡೆಯುತ್ತದೆ, ಯಾವುದು ಇಲ್ಲ ಎಂದು ಗುರುತು ಮಾಡಿ ಕಳಿಸುವುದು ನನ್ನ ಯೋಚನೆ. ಪುಟ ನೋಡು, ಪರದೆ ನೋಡು, ಮತ್ತೆ ಪುಟ ನೋಡು. ಅಪ್ಪ ಕುರ್ಚಿಯಲ್ಲಿ ಕೂತು ಎರಡು ದಿನ ಸಹಿಸಿದರು. ಮೂರನೆಯ ದಿನ ಭೂತಗನ್ನಡಿ ಹಿಡಿದು ಎದ್ದೇ ಬಂದರು. “ಒಬ್ಬರೇ ಕೂತು ಪ್ರೂಫ್ ನೋಡ್ತಾರೇನೇ? ಒಬ್ಬರು ಓದ್ಬೇಕು, ಒಬ್ಬರು ನೋಡ್ಬೇಕು. ಇಷ್ಟು ವರ್ಷ ನನ್ನ ಜೊತೆ ಕೂತು ಇದೇನಾ ಕಲಿತಿದ್ದು?” ಈ ಪುಸ್ತಕ ಯಾರಿಗೆ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ನೆನಪಿದೆಯಾ, ಅಪ್ಪ ಅಚ್ಚುಮನೆಯಿಂದ ತಿದ್ದಲು ಉದ್ದುದ್ದ ಪ್ರೂಫ್ ಕಾಗದಗಳನ್ನು ತರುತ್ತಿದ್ದದ್ದು? ನಾವಿಬ್ಬರು ಸರದಿಯ ಮೇಲೆ ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಲ್ಲಿ ಹೇಳುತ್ತಾ. ಅವರು ಕೆಂಪು ಪೆನ್ನು ಹಿಡಿದು ತಾಳೆ ನೋಡುವರು. ಆಟಕ್ಕೆ ಓಡುವ ಆತುರದಲ್ಲಿ ನೀನು ಸಾಲುಗಳನ್ನೇ ಹಾರಿಸುತ್ತಿದ್ದೆ. “ಗಡಿಬಿಡಿ ರಾಯರೇ, ಒಂದು ಸಾಲು ನುಂಗಿದ್ದೀರಿ, ಉಗುಳಿ!” ಹೆಸರು ಹುಟ್ಟಿದ್ದು ಅಲ್ಲೇ ಅಲ್ಲವೇ. ಅದೇ ಕ್ರಮದಲ್ಲಿ ಮತ್ತೆ ಕೂತೆವು. ನಾನು ಆವರಣ ಚಿಹ್ನೆ, ಅಲ್ಪವಿರಾಮ ಎಂದೆಲ್ಲ ಓದುವುದು, ಅಪ್ಪ ಎರಡು ಬೆರಳಲ್ಲಿ ಒಂದೊಂದೇ ಕೀಲಿ ಒತ್ತುವುದು. ನಲವತ್ತೇಳನೆಯ ಪುಟಕ್ಕೆ ಬಂದಾಗ ಯಂತ್ರ ನಿಂತಿತು. ಅಪ್ಪನಿಗೆ ಸಂತೋಷವೋ ಸಂತೋಷ: “ನೋಡು, ಮುದ್ರಾರಾಕ್ಷಸ!” ಮೂರು ಸಲ ಓದಿಸಿದರು. ಆಮೇಲೆ ಹುಡುಗಿಗೆ ಫೋನ್ ಮಾಡಿದಾಗ ತಿಳಿಯಿತು, ಅದು ಅಚ್ಚಿನ ತಪ್ಪಲ್ಲ. ಆಗ ಭಾಷೆ ಹಾಗೆಯೇ ಇತ್ತು, ಈಗ ಇಲ್ಲ. ಅಪ್ಪ ಭೂತಗನ್ನಡಿ ಕೆಳಗಿಟ್ಟರು. “ಹಾಗಾದ್ರೆ ಬರೆದೋನು ತಪ್ಪು ಬರೀಲಿಲ್ಲ. ಬರೆದಾಗ ಸರಿಯಾಗೇ ಇತ್ತು” ಎಂದು, ಪುಟ ಮಗುಚದೆ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಹನ್ನೊಂದು ದಿನ ಹಿಡಿಯಿತು. ಪುಸ್ತಕ ಮುಗಿದಾಗ ಅದರ ಅಂಚುಗಳ ತುಂಬ ಅಪ್ಪನ ಕೆಂಪು ಗುರುತುಗಳು: ಕೊಕ್ಕೆ, ಸುಳಿ, ಅಡ್ಡಗೀಟು. ತಪ್ಪು ಕಂಡರೆ ಅಂಚಿನಲ್ಲಿ ಗುರುತು ಹಾಕದಿರುವುದು ಅವರ ಕೈಗೆ ಗೊತ್ತೇ ಇಲ್ಲ, ಅದನ್ನು ಹಾಗೆಯೇ ಕಳಿಸಬಾರದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಟ್ಟಿ ಕಳಿಸಿದೆ. ಮುಂದಿನ ವಾರ ನಿಮ್ಮ ಗೇಟಿನ ಆಫೀಸಿನಿಂದ ಫೋನ್. “ಏನಮ್ಮಾ ಇದು, ಪುಸ್ತಕದ ತುಂಬಾ ಗುಪ್ತ ಲಿಪಿ? ಯಾರು ಯಾರಿಗೆ ಏನು ಹೇಳ್ತಿದ್ದೀರಿ?” ಪ್ರೂಫ್ ತಿದ್ದುವ ಗುರುತುಗಳೆಂದು ಎಷ್ಟು ಹೇಳಿದರೂ ಆ ಮನುಷ್ಯ ನಂಬಲಿಲ್ಲ. ಕೈಬರಹವಿರುವ ಪುಸ್ತಕ ಒಳಗೆ ಬಿಡುವುದಿಲ್ಲ ಎಂದು, ಒಂದೂವರೆ ತಿಂಗಳು ಇಟ್ಟುಕೊಂಡು ವಾಪಸು ಕಳಿಸಿದರು. ಪಾರ್ಸೆಲ್ ಬಂದಾಗ ನಾನು ಕೆಲಸದಲ್ಲಿದ್ದೆ. ಮನೆಗೆ ಬಂದರೆ ಅದು ಮೇಜಿನ ಮೇಲಿದೆ, ಮೇಲೆ ಅಂಟಿಸಿದ ಚೀಟಿಯಲ್ಲಿ ನಿನ್ನ ಹೆಸರು, ಎದುರಿಗೆ ಅಪ್ಪ. ನ್ಯಾಯಾಲಯದ ದಿನ ಇದೇ ಕೋಣೆಯಲ್ಲಿ “ಇನ್ನು ಈ ಮನೆಯಲ್ಲಿ ಅವನ ಹೆಸರು ಎತ್ತಬೇಡ” ಎಂದವರು ಅವರು. ಅಪ್ಪ ಚೀಟಿಯ ಮೇಲೆ ಬೆರಳಿಟ್ಟರು. “ಒಳಗಡೆ ಅಷ್ಟು ತಪ್ಪು ಹುಡುಕಿದ್ವಿ, ಮೇಲಿನ ಚೀಟಿ ನೋಡ್ಲಿಲ್ಲ. ನಾನೂರ ಎಪ್ಪತ್ತೊಂದು ಅಂತ ಬರೆದಿದ್ದೀಯ. ನಾನೂರ ಹದಿನೇಳು ಕಣೇ.”

ನಿನ್ನ ಕೈದಿ ಸಂಖ್ಯೆ ಅವರಿಗೆ ಬಾಯಲ್ಲೇ ಇತ್ತು. ನಿನ್ನ ಪತ್ರಗಳನ್ನು ನಾನು ಇಡುವ ಡ್ರಾಯರಿನಲ್ಲೇ ಅವರ ಭೂತಗನ್ನಡಿಯೂ ಇರುತ್ತದೆ. ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಹಾಗಾಗಿ ಈಗ ಅದೇ ಪುಸ್ತಕದ ಹೊಸ ಪ್ರತಿ, ಒಂದು ಚುಕ್ಕೆಯೂ ಇಲ್ಲದ್ದು, ಬೇರೆಯಾಗಿ ಕಳಿಸುತ್ತಿದ್ದೇನೆ. ತಿದ್ದುಪಡಿಗಳೆಲ್ಲ ಇದರ ಜೊತೆಯ ನಾಲ್ಕು ಹಾಳೆಗಳಲ್ಲಿವೆ. (ಈ ಪತ್ರ ಮೊದಲು ಓದುವ ಅಧಿಕಾರಿಗಳೇ, ನಮಸ್ಕಾರ. ಇವು ಪುಟದ ನಂಬರುಗಳು ಮಾತ್ರ, ದೇವರಾಣೆ.) ಮುಖ್ಯವಾದದ್ದು ನಲವತ್ತೇಳನೆಯ ಪುಟ: ತೋರಿಸು ಎಂಬ ಆಜ್ಞೆಯ ಮುಂದಿರುವುದನ್ನು ಈಗ ಆವರಣ ಚಿಹ್ನೆಯ ಒಳಗೆ ಬರೆಯಬೇಕು. ಎಂಬತ್ತೆರಡನೆಯ ಪುಟದಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು ಎಂದಿದೆ. ಈಗ ಮೂರೂವರೆ ಬರುತ್ತದೆ. ಮೊದಲು ಆ ಅರ್ಧವನ್ನು ಎಸೆದುಬಿಡುತ್ತಿತ್ತಂತೆ, ಈಗ ಇಟ್ಟುಕೊಳ್ಳುತ್ತದೆ. ನನಗೆ ಈ ಭಾಷೆಯ ಮೇಲೆ ಅಕ್ಕರೆ ಹುಟ್ಟಿದ್ದು ಅಲ್ಲಿ.

ಒಂದು ಮಾತು, ತಮ್ಮಾ. ಕುಡಿದು, ಆತುರದಲ್ಲಿ ಗಾಡಿ ಓಡಿಸಿದೆ, ಸೈಕಲ್ಲಿನಲ್ಲಿದ್ದವನು ಮನೆ ಸೇರಲಿಲ್ಲ, ನೀನು ನಿಲ್ಲಿಸಲಿಲ್ಲ. ಆ ತಪ್ಪು ನಿನ್ನದೇ. ಅದಕ್ಕೆ ಯಾವ ಹಾಳೆಯಲ್ಲೂ ತಿದ್ದುಪಡಿ ಇಲ್ಲ, ನೀನೂ ಹುಡುಕುವವನಲ್ಲ, ನನಗೆ ಗೊತ್ತು. ಆದರೆ ನಲವತ್ತೇಳನೆಯ ಪುಟದ್ದು ನಿನ್ನದಲ್ಲ. ಪ್ರಪಂಚದ ತಪ್ಪನ್ನೆಲ್ಲ ಬಾಚಿ ತಲೆಯ ಮೇಲೆ ಹಾಕಿಕೊಳ್ಳಬೇಡ. ನಿನ್ನದನ್ನು ನೀನು ಹೊತ್ತರೆ ಸಾಕು. ಪರೀಕ್ಷೆಗೆ ಕೂರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ಕೈ ನಿಧಾನವಾಗಲಿ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದರು, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳ ಭೇಟಿಗೆ ನನ್ನೊಬ್ಬಳ ಅರ್ಜಿ ತುಂಬಿ ಇಟ್ಟಿದ್ದೆ. ಅವರ ಕೈಯಲ್ಲಿ ಇನ್ನೊಂದು ಅರ್ಜಿ, ಅವರದೇ ದುಂಡು ಅಕ್ಷರ. “ಓದು” ಎಂದು ಎದುರಿಗೆ ಕೂತರು. ಅಲ್ಪವಿರಾಮ ಬಿಡದೆ ಓದಿದೆ, ಹೆಸರು, ವಯಸ್ಸು, ವಿಳಾಸ. ಕೈದಿಗೆ ಏನಾಗಬೇಕು ಎಂಬಲ್ಲಿ ತಲೆ ಎತ್ತಿ ಅವರನ್ನು ನೋಡಿದೆ. “ಯಾಕೆ ನಿಂತೆ? ಸಾಲು ನುಂಗಬೇಡ” ಎಂದರು. ಓದಿದೆ: ತಂದೆ, ಪೂರ್ಣವಿರಾಮ. “ಸರಿಯಿದೆ” ಎಂದರು.