ಮೂರು ದಿನದ ಹಚ್ಚೆ

ಶಿರಸಿ
೯ ಜನವರಿ ೨೦೨೫, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ನಿನಗೆ ಮೊಣಕಾಲು ನೋವು ಬಹಳ ಎಂದು ನೀಲಗಂಗವ್ವ ಚಿಗವ್ವ ಹೇಳಿದಳು. ಇಡೀ ದಿನ ಆಸ್ಪತ್ರೆಯ ವಾರ್ಡಿನಲ್ಲಿ ನಿಂತೇ ಇರುವ ಕೆಲಸ, ಅದರ ಮೇಲೆ ಮಿರಜಿನ ಈ ಚಳಿ. ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತೀಯೋ ಇಲ್ಲವೋ, ನಿನ್ನ ಮೈ ನೀನು ಎಂದೂ ನೋಡಿಕೊಂಡವಳಲ್ಲ. ವಿಳಾಸ ಕೊಟ್ಟವಳೂ ಚಿಗವ್ವನೇ. ಬನವಾಸಿಗೆ ಹೋಗಿ ಅರ್ಧ ದಿನ ಅವಳ ಅಡಿಗೆಮನೆಯಲ್ಲಿ ಕೂತ ಮೇಲೆ, "ನಾ ಕೊಟ್ಟೆ ಅಂತ ಹೇಳಬ್ಯಾಡವಾ" ಎನ್ನುತ್ತ ಬರೆದುಕೊಟ್ಟಳು. ಹೇಳಿಬಿಟ್ಟೆ, ಅವಳ ಮೇಲೆ ಸಿಟ್ಟಾಗಬೇಡ. ಫೋನ್ ನಂಬರನ್ನೂ ಕೊಟ್ಟಿದ್ದಳು. ಹೋದ ತಿಂಗಳು ಮೂರು ಸಲ ಫೋನ್ ಬಂದು, ನೀನು ಹಲೋ ಎಂದ ಕೂಡಲೇ ಕಟ್ಟಾಯಿತಲ್ಲ, ಅದು ನಾನೇ. ನಿನ್ನ ದನಿ ಕೇಳಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಶಿಲ್ಪಾ.

ಅಪ್ಪ ತೀರಿಕೊಂಡಾಗ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ನೀನು ಹೊರಟುಹೋದೆ. ಆಮೇಲೆ ಇಪ್ಪತ್ತು ವರ್ಷವಾಯಿತು. ನನ್ನ ಸುದ್ದಿ ನಿನಗೆ ಎಷ್ಟು ಗೊತ್ತೋ ತಿಳಿಯದು. ನಾವಿಬ್ಬರೂ ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮನೆಯವರ ಹೆಸರು ಮಧುಕೇಶ್ವರ. ಒಂದು ಬೇಕರಿಯ ವ್ಯಾನ್ ಓಡಿಸುತ್ತಾರೆ, ಒಂದು ದಿನ ಸಿದ್ದಾಪುರದ ಕಡೆಗೆ, ಒಂದು ದಿನ ಮಂಚಿಕೇರಿ ಮೇಲೆ ಯಲ್ಲಾಪುರಕ್ಕೆ. ಕಡಿಮೆ ಮಾತಿನವರು, ಒಳ್ಳೆಯವರು. ನಾನು ಮೊದಲು ಮದುವೆಮನೆಗಳಿಗೆ ಮೆಹಂದಿ ಹಾಕಲು ಹೋಗುತ್ತಿದ್ದೆ. ನಾಲ್ಕು ವರ್ಷದಿಂದ ಮನೆಯಲ್ಲೇ ಟ್ಯಾಟೂ ಮಾಡುತ್ತೇನೆ. ಸೂಜಿಯದಲ್ಲ, ನೀರು ಹಚ್ಚಿ ಅಂಟಿಸುವಂಥದ್ದು. ಅದಕ್ಕೆಂದೇ ಒಂದು ನುಣುಪಾದ ಕಾಗದ ಬರುತ್ತದೆ. ಬೇಕಾದ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಮಾಡಿ ಅದರ ಮೇಲೆ ಪ್ರಿಂಟ್ ಹಾಕಬೇಕು, ಒಣಗಿದ ಮೇಲೆ ಅಂಟಿನ ಹಾಳೆಯನ್ನು ಗುಳ್ಳೆ ಏಳದಂತೆ ಕೂರಿಸಬೇಕು, ಕತ್ತರಿಸಬೇಕು. ಚರ್ಮದ ಮೇಲೆ ಕವುಚಿ ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದು ಮೂವತ್ತು ಎಣಿಸಿದರೆ ಕಾಗದ ತಾನಾಗಿ ಜಾರಿ ಚಿತ್ರ ಉಳಿಯುತ್ತದೆ. ಮೂರು ದಿನ, ಬಹಳವಾದರೆ ನಾಲ್ಕು ದಿನ. ಶಾಲೆಯ ಗ್ಯಾದರಿಂಗಿಗೆ, ಹುಟ್ಟುಹಬ್ಬಕ್ಕೆ, ಸ್ವಾತಂತ್ರ್ಯ ದಿನದ ಹಿಂದಿನ ವಾರ ಮಕ್ಕಳ ಕೆನ್ನೆಗೆ ಬಾವುಟ ಎಂದು ಕೇಳುತ್ತಾರೆ. ಮಾಡಿ ಕೊಟ್ಟರೆ ಇವರು ವ್ಯಾನಿನಲ್ಲಿ ಮುಟ್ಟಿಸುತ್ತಾರೆ. ಇದನ್ನೆಲ್ಲ ಇಷ್ಟು ಬಿಡಿಸಿ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ ಒಂದು ಕೆಲಸ ಇದರಿಂದಲೇ ಆಗಿದ್ದು. ಅದನ್ನು ನಿನ್ನನ್ನು ಕೇಳದೆ ಮಾಡಿದೆ.

ಅವ್ವ ನನ್ನ ಹತ್ತಿರ ಬಂದು ಎರಡು ವರ್ಷವಾಯಿತು. ಊರಲ್ಲಿ ಒಬ್ಬಳೇ ಇದ್ದಾಗಲೇ ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದಳು, ಬೇರೆಯವರ ಮನೆಗೆ ಹೋಗಿ ಇದು ನನ್ನ ಮನೆ ಎಂದು ಕೂತುಬಿಡುತ್ತಿದ್ದಳು. ಡಾಕ್ಟರು ಇದು ಮರೆವಿನ ರೋಗ, ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ ಎಂದರು. ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನಾನು ರೊಟ್ಟಿ ಮುರಿದು ಬಾಯಿಗೆ ಹಿಡಿದರೆ ಮುಖ ಆಚೆ ತಿರುಗಿಸಿದಳು. "ಯಾರವಾ ನೀನು? ನನ್ನ ಮಗಳು ಶಾಂಭವಿ ಬರ್ತಾಳ. ಅಕಿ ಬಂದ ಮ್ಯಾಲೆ ಉಣ್ತೀನಿ" ಎಂದಳು. ನಾನು ಶಿಲ್ಪಾ, ನಿನ್ನ ಸಣ್ಣ ಮಗಳು ಎಂದೆ. "ಆಗಲಿ ಬಿಡು" ಎಂದಳು, ಯಾರೋ ವಿಳಾಸ ತಪ್ಪಿ ಬಂದವರಿಗೆ ಹೇಳುವ ಹಾಗೆ. ಆವತ್ತಿನಿಂದ ಮನೆಗೆ ಬಂದ ಪ್ರತಿ ಹೆಂಗಸಿನ ಎಡಗೈ ಹಿಡಿದು ಮೇಲೆ ಕೆಳಗೆ ಹೊರಳಿಸಿ ನೋಡುವುದು, ಬಿಡುವುದು. ತರಕಾರಿಯವಳನ್ನೂ ಬಿಡಲಿಲ್ಲ, ಇಂಜೆಕ್ಷನ್ ಕೊಡಲು ಬಂದ ನರ್ಸನ್ನೂ ಬಿಡಲಿಲ್ಲ. ಏನು ಹುಡುಕುತ್ತಾಳೆಂದು ನನಗೆ ನಾಲ್ಕು ದಿನ ತಿಳಿಯಲಿಲ್ಲ. ತಿಳಿದಾಗ ಬಚ್ಚಲಲ್ಲಿ ಕೂತು ಅತ್ತೆ. ನಿನ್ನ ಹಚ್ಚೆ ಹುಡುಕುತ್ತಿದ್ದಳು. ಅಷ್ಟರಲ್ಲಿ ಅವಳು ಬರೀ ನೀರು ಮಜ್ಜಿಗೆಗೆ ಬಂದಿದ್ದಳು, ತೋಳಿನ ಎಲುಬು ಕಾಣುತ್ತಿತ್ತು.

ಆ ಹಚ್ಚೆಯ ಫೋಟೋ ಎಲ್ಲೂ ಸಿಗಲಿಲ್ಲ. ನಿನ್ನ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ನಿನ್ನ ಕೈ ಇನ್ನೊಬ್ಬಳ ಬೆನ್ನ ಹಿಂದಿದೆ. ಆದರೆ ಫೋಟೋ ಬೇಕಾಗಲಿಲ್ಲ ಅಕ್ಕಾ. ಹನ್ನೆರಡು ವರ್ಷ ನಾನು ಆ ಕೈ ಹಿಡಿದೇ ಮಲಗಿದವಳು. ಮುಂಗೈಯಿಂದ ಮೊಣಕೈವರೆಗೆ ಏರುವ ಬಳ್ಳಿ, ಎರಡೂ ಬದಿ ಎಲೆ, ನಡುವೆ ಐದು ಚುಕ್ಕಿ. ಹಚ್ಚೆ ಹಾಕುವವಳು ಕೊನೆಯ ಎಲೆಗೆ ಬಂದಾಗ ನೀನು ನೋವಿಗೆ ಕೈ ಎಳೆದುಕೊಂಡೆಯಂತೆ, ಅದಕ್ಕೆ ಹೆಬ್ಬೆರಳ ಬದಿಯ ಆ ಎಲೆ ಒಂದು ಮಾತ್ರ ವಾರೆಯಾಗಿ ಮಣಿಕಟ್ಟಿನ ಕಡೆ ಬಾಗಿತಂತೆ. ನನ್ನ ಹೊತ್ತಿಗೆ ಹಚ್ಚೆಯವಳು ಊರಿಗೆ ಬರುವುದು ನಿಂತಿತ್ತು. ಯಲ್ಲಾಪುರದ ಕಬಡ್ಡಿ ತಂಡದವರಿಗೆ ಹುಲಿಯ ಮುಖ ಮಾಡಿ ಕೊಡಲು ತೆಗೆದ ಹಾಳೆಯಲ್ಲಿ ಒಂದು ಮೂಲೆ ಉಳಿದಿತ್ತು. ಅದರಲ್ಲಿ ನಿನ್ನ ಬಳ್ಳಿ ಹಾಕಿದೆ. ಮೊದಲ ಸಲ ಬಣ್ಣ ತೀರ ಕಪ್ಪಾಯಿತು. ಹಳೆಯ ಹಚ್ಚೆಗೆ ಒಂದು ಹಸಿರು ಇರುತ್ತದಲ್ಲ, ಅದು ಬರಲಿಲ್ಲ. ಎರಡನೆಯ ಸಲ ಹಸಿರು ಬಂತು, ಗಡಿಬಿಡಿಯಲ್ಲಿ ಚಿತ್ರ ಉಲ್ಟಾ ಮಾಡುವುದನ್ನೇ ಮರೆತೆ. ಯಾರಿಗೆ ಗೊತ್ತಾಗುತ್ತದೆ ಎಂದು ಅದನ್ನೇ ಅಂಟಿಸಿಕೊಂಡು ಅವ್ವನ ಮುಂದೆ ಹೋದೆ. ಕೈ ಹಿಡಿದು ಬಹಳ ಹೊತ್ತು ನೋಡಿದಳು. ವಾರೆ ಎಲೆಯ ಮೇಲೆ ಬೆರಳಿಟ್ಟು, "ಇದಲ್ಲ. ಈ ಎಲಿ ಈ ಕಡೆ ಇರಂಗಿಲ್ಲ" ಎಂದು ಕೈ ಬಿಟ್ಟಳು. ನಿನ್ನೆ ಉಂಡಿದ್ದು ಗೊತ್ತಿಲ್ಲದವಳಿಗೆ ಅದು ಗೊತ್ತಿತ್ತು.

ಮೂರನೆಯದು ಸರಿ ಬಂತು. ಹೊಳಪು ಸಾಯಲಿ ಎಂದು ಮೇಲೆ ಪೌಡರ್ ಉಜ್ಜಿದೆ. ಆ ಮಧ್ಯಾಹ್ನ ಅವ್ವ ಕೈ ನೋಡಿದಳು, ಮುಖ ನೋಡಿದಳು, "ಯಾವಾಗ ಬಂದಿ, ಶಾಂಭವಿ? ಬಿಸಿಲಾಗ ನಡಕೊಂಡ ಬಂದಿಯೇನ?" ಎಂದಳು. ಒಂದೂವರೆ ರೊಟ್ಟಿ ತಿಂದಳು. ಅಂದಿನಿಂದ ಐದು ತಿಂಗಳಾಯಿತು. ಮೂರು ದಿನಕ್ಕೊಮ್ಮೆ ಅಂಚು ಬಿಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಹಳೆಯದನ್ನು ತೆಗೆದು ಹೊಸದು ಕೂರಿಸಿಕೊಳ್ಳುತ್ತೇನೆ. ಮೊದಮೊದಲು ಅವಳು ಉಂಡರೆ ಸಾಕೆನಿಸುತ್ತಿತ್ತು. ಆಮೇಲೆ ನನಗೇ ಏನೋ ಆಗತೊಡಗಿತು. ತಲೆ ಬಾಚಿದರೆ ಶಾಂಭವಿ, ಮೈ ಒರೆಸಿದರೆ ಶಾಂಭವಿ, ಕಾಲು ತಿಕ್ಕಿದರೆ ಶಾಂಭವಿ. ಶಿಲ್ಪಾ ಎಂಬ ಹೆಸರು ಆ ಕೋಣೆಯಲ್ಲಿ ಒಂದು ದಿನವೂ ಬರಲಿಲ್ಲ. ಒಮ್ಮೆ ನಾನೇ ತಡೆಯಲಾರದೆ, ನಿನಗೆ ಇನ್ನೊಬ್ಬ ಮಗಳಿದ್ದಾಳಲ್ಲ ಎಂದೆ. ಕಿಟಕಿಯ ಕಡೆ ತಿರುಗಿದಳು. ಮರೆತಿದ್ದಾಳೆ ಎಂದುಕೊಂಡೆ.

ಈಗ ಹಳೆಯ ಮಾತು ತೆಗೆಯಬೇಕು. ಅಪ್ಪ ಬಂಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ ವರ್ಷ ಅದು. ನೀನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯಲು ಅರ್ಜಿ ಹಾಕಿ ಸಂದರ್ಶನದ ಕಾಗದಕ್ಕೆ ಕಾಯುತ್ತಿದ್ದೆ. ಶಾಲೆ ಬಿಟ್ಟು ಬರುವಾಗ ಪೋಸ್ಟಿನಿಂದ ಟಪಾಲು ತರುವುದು ನನ್ನ ಕೆಲಸ. ಕಾಗದ ಬರಲಿಲ್ಲ ಬರಲಿಲ್ಲ ಎಂದು ಕಾದು ನೀನೇ ಹುಬ್ಬಳ್ಳಿಗೆ ಹೋಗಿ ಕೇಳಿದರೆ, ಕಳಿಸಿ ತಿಂಗಳಾಯಿತು, ಸೀಟು ತುಂಬಿದವು ಎಂದರು. ಮನೆಗೆ ಬಂದು ನೀನು ಕೇಳಿದಾಗ ಅವ್ವ ನನ್ನ ಕಡೆ ನೋಡಿ, "ಇಕಿ ಎಲ್ಲೋ ಆಡ್ಕೋತ ಕಳಕೊಂಡ ಬಂದಾಳ" ಎಂದಳು. ನೀನು ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವತ್ತು ಚಾಪೆ ಬೇರೆ ಹಾಸಿಕೊಂಡೆ. ಮುಂದಿನ ತಿಂಗಳು ಮನೆ ಬಿಟ್ಟು ಹೋದೆ, ನರ್ಸ್ ಆಗಬೇಕಾದವಳು ಆಯಾ ಆದೆ. ಆ ಕಾಗದ ನನ್ನ ಕೈಗೆ ಬಂದಿದ್ದು ನನಗೆ ನೆನಪಿರಲಿಲ್ಲ. ಆದರೆ ಅವ್ವ ಹೇಳಿದ ಮೇಲೆ ನೆನಪು ತಾನಾಗಿ ಹುಟ್ಟಿತು. ಕಂದು ಲಕೋಟೆ, ಪುಸ್ತಕದ ನಡುವೆ ಇಟ್ಟಿದ್ದು, ಸೇತುವೆಯ ಮೇಲೆ ಚೀಲ ಬಿದ್ದಿದ್ದು, ಎಲ್ಲವೂ. ಇಪ್ಪತ್ಮೂರು ವರ್ಷ ನಾನು ಆ ಸೇತುವೆ ದಾಟುವಾಗಲೆಲ್ಲ ಕೆಳಗೆ ನೋಡಿದ್ದೇನೆ.

ಡಿಸೆಂಬರ್ ಎರಡನೆಯ ವಾರ. ಸಿದ್ದಾಪುರದ ಒಂದು ಶಾಲೆಗೆ ನವಿಲುಗರಿ ಇನ್ನೂರು ಬೇಕೆಂದು ಕೇಳಿದ್ದರು. ಅವ್ವನ ಹಾಸಿಗೆಯ ಪಕ್ಕ ಕೂತು ಕತ್ತರಿಸುತ್ತಿದ್ದೆ. ಅವಳು ನನ್ನ ಎಡಗೈ ಎಳೆದುಕೊಂಡು ಬಳ್ಳಿಯ ಮೇಲೆ ಬೆರಳು ಆಡಿಸುತ್ತ, ಬಹಳ ತಿಳಿಯಾದ ದನಿಯಲ್ಲಿ ಹೇಳಿದಳು. "ಆ ಹುಬ್ಬಳ್ಳಿ ಕಾಗದ ಬಂದಿತ್ತವಾ. ಶಿಲ್ಪಾ ತಂದು ನನ್ನ ಕೈಯಾಗ ಕೊಟ್ಟಿದ್ಲು. ನಾನ ಬಚ್ಚಲ ಒಲಿಗೆ ಹಾಕಿದೆ. ನೀ ಹೋದ್ರ ನಿಮ್ಮಪ್ಪನ್ನ ಯಾರು ಎತ್ತಬೇಕು? ನನಗ ಒಬ್ಬಾಕಿಗೆ ಆಗ್ತಿದ್ದಿಲ್ಲ." ಬೆರಳನ್ನು ವಾರೆ ಎಲೆಯ ಮೇಲೆ ನಿಲ್ಲಿಸಿ, "ಮನಸ್ಸಿನಿಂದ ತೆಗದು ಹಾಕ್ತೀಯೇನ, ಶಾಂಭವಿ?" ಎಂದು ಕೇಳಿದಳು. ಕಣ್ಣಲ್ಲಿ ನೀರಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು ಅಷ್ಟೆ. ನಾನು ಹೂಂ ಎಂದೆ. ಅಕ್ಕಾ, ಅದು ನೀನು ಹೇಳಬೇಕಾಗಿದ್ದ ಮಾತು. ಹೇಳುತ್ತಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಪರವಾಗಿ ನಾನು ಹೇಳಿಬಿಟ್ಟೆ. ಅದಕ್ಕೆ ನೀನು ನನ್ನನ್ನು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಇವರಿಗೆ ಹೇಳಿದೆ. ಇವರು ಉಣ್ಣುವುದು ಬಿಟ್ಟು, "ನೀನು ಯಾರು ಅಂತ ಅವರಿಗೆ ಒಮ್ಮೆ ಹೇಳಿಬಿಡು. ಕೇಳಲಿ, ಬಿಡಲಿ" ಎಂದರು. ಮರುದಿನ ಎಣ್ಣೆ ಹಚ್ಚಿ ಬಳ್ಳಿ ಪೂರಾ ತೆಗೆದೆ. ಬರೀ ಕೈಯಲ್ಲಿ ಅವ್ವನ ಮುಂದೆ ಕೂತು ಕೇಳಿದೆ, ಆ ಕಾಗದ ಶಿಲ್ಪಾ ಕಳೆದಿಲ್ಲ, ಹೌದಲ್ಲ? ಅವ್ವ ನನ್ನ ಕೈ ಹೊರಳಿಸಿ ನೋಡಿದಳು. ಏನೂ ಕಾಣಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಸಣ್ಣ ದನಿಯಲ್ಲಿ, "ಶಿಲ್ಪಾಗ ಹೇಳಬ್ಯಾಡ್ರಿ. ಅಕಿ ತಾನ ಕಳದೀನಿ ಅಂತ ತಿಳಕೊಂಡಾಳ. ಗೊತ್ತಾದ್ರ ಅಕೀನೂ ನನ್ನ ಬಿಟ್ಟು ಹೋಗ್ತಾಳ್ರಿ" ಎಂದಳು. ನನಗೆ, ತನ್ನ ಮಗಳಿಗೆ, ರೀ ಹಚ್ಚಿ ಹೇಳಿದಳು. ಮರೆತಿರಲಿಲ್ಲ ಅಕ್ಕಾ. ನನ್ನ ಹೆಸರು ಅವಳು ಮರೆತಿರಲಿಲ್ಲ. ಹೇಳಲು ಹೆದರಿಕೊಂಡಿದ್ದಳು.

ಹೇಳುವುದಿಲ್ಲ ಎಂದೆ. ಇನ್ನೇನು ಹೇಳಲಿ? ಸಿಟ್ಟು ಬಂದಿರಲಿಲ್ಲವೆಂದರೆ ಸುಳ್ಳು. ಆ ದಿನ, ಮರುದಿನ ಅವಳಿಗೆ ಗಂಜಿ ಇಟ್ಟೆ, ಬಟ್ಟೆ ಬದಲಿಸಿದೆ, ಕೈಗೆ ಮಾತ್ರ ಏನೂ ಅಂಟಿಸಿಕೊಳ್ಳಲಿಲ್ಲ. ಅವ್ವ ಎರಡು ದಿನ ಬಾಯಿಗೆ ಏನೂ ಹಾಕಲಿಲ್ಲ, ಬಾಗಿಲು ನೋಡುತ್ತ ಮಲಗಿದಳು. ಎಪ್ಪತ್ಮೂರು ವರ್ಷದ ಜೀವವನ್ನು ಹಸಿವೆಯಲ್ಲಿ ಕೆಡವಿ ನಾನು ಗೆಲ್ಲುವುದೇನಿದೆ ಎಂದು ಮೂರನೆಯ ದಿನ ಬೆಳಿಗ್ಗೆ ಪ್ರಿಂಟರ್ ಹಚ್ಚಿದೆ. ಮತ್ತೆ ನೀನಾಗಿ ಒಳಗೆ ಹೋದೆ. ಉಂಡಳು.

ಇದು ಇಲ್ಲಿಯ ಸುದ್ದಿ. ನಿನ್ನ ಮೇಲೆ ಭಾರ ಹಾಕಬೇಕೆಂದು ಬರೆದಿದ್ದಲ್ಲ. ಕಾಗದ ಬೇಕೆಂದು ಸುಟ್ಟದ್ದು, ಕಳೆದದ್ದಲ್ಲ ಎಂದು ನಿನಗೆ ತಿಳಿಯಬೇಕಿತ್ತು. ಅವ್ವನ ಮೇಲೆ ಸಿಟ್ಟು ಬಂದರೆ ಬರಲಿ, ಅದು ನಿನ್ನದು. ನಾನು ನಡುವೆ ಬರುವುದಿಲ್ಲ. ಭಾವನವರಿಗೆ ನಮ್ಮಿಬ್ಬರ ಶರಣು ತಿಳಿಸು. ಮಕ್ಕಳಿದ್ದಾರೆ ಎಂದು ಚಿಗವ್ವ ಹೇಳಿದಳು, ಹೆಸರು ಅವಳಿಗೂ ನೆನಪಿರಲಿಲ್ಲ. ಯಾರೇ ಇರಲಿ, ಅವರಿಗೆ ಅವರು ಕಾಣದ ಚಿಗವ್ವನ, ಅಂದರೆ ನನ್ನ, ಮುದ್ದು. ಮೊಣಕಾಲಿಗೆ ಶಾಖ ಕೊಟ್ಟುಕೋ.

ನಿನ್ನ ತಂಗಿ,
ಶಿಲ್ಪಾ

ತಾ.ಕ.: ಲಕೋಟೆ ಅಂಟಿಸಿಟ್ಟಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಇವರು ಪೋಸ್ಟಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾರೆ. ಇವತ್ತು ಬೆಳಿಗ್ಗೆ ಹೊಸ ಬಳ್ಳಿ ಕೂರಿಸಿಕೊಂಡು ಹೋದೆ. ಅವ್ವ ಕೈ ತೆಗೆದುಕೊಂಡು ನೋಡಿದಳು, ಎಲೆ ಎಲ್ಲ ಸರಿ ಇತ್ತು, ಆದರೂ ಸುಮ್ಮನೆ ಕೆಳಗಿಟ್ಟಳು. ಆ ಗುರುತೂ ಹೋಯಿತು. ನೀರು ಗಂಟಲಲ್ಲಿ ಇಳಿಯುತ್ತಿಲ್ಲ. ಡಾಕ್ಟರು ಹತ್ತು ಹದಿನೈದು ದಿನ ಎಂದರು. ನೀನು ಬಂದರೂ ಅವಳು ನಿನ್ನನ್ನು ಗುರುತಿಸುವುದಿಲ್ಲ, ಆಸೆ ಇಟ್ಟುಕೊಂಡು ಬರಬೇಡ. ಆದರೂ ಬಾ. ಅವಳ ಸಲುವಾಗಿ ಅಲ್ಲ, ನನ್ನ ಸಲುವಾಗಿ ಬಾ. ಶಿಲ್ಪಾ, ನೀನು ಕಳೆದಿರಲಿಲ್ಲ ಎಂದು ನನ್ನ ಹೆಸರು ಹಿಡಿದು ಒಮ್ಮೆ ಹೇಳು. ಅದನ್ನು ಹೇಳಬಹುದಾದವಳು ಈಗ ನೀನೊಬ್ಬಳೇ ಉಳಿದಿದ್ದೀ.