ಒಂದು ನಲವತ್ತು

ಜನವರಿ 27, ಬೆಳಗ್ಗೆ 6.50

ಸೈಕಲ್ ಹೊರಗಿಟ್ಟಾಯಿತು. ಬ್ರೆಡ್ಡು, ಚೀಸು ಡಬ್ಬಿಯಲ್ಲಿ. ಗ್ಲೌಸ್ ಒಂದೇ ಸಿಕ್ಕಿತು. ಇನ್ನೊಂದು ಕೈಗೆ ಹಾರ್ಮ್‌ನದು ಹಾಕಿಕೊಂಡೆ. ಗಂಡನ ಗ್ಲೌಸ್, ದೊಗಲೆ.

ಏಳು ತಿಂಗಳ ಮೇಲೆ ಶಾಲೆ. ವಾರಕ್ಕೆ ಮೂರು ದಿನ ಸಾಕೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ದಿನಾ ನಾಲ್ಕು ಸಾಲು ಬರೆಯಬೇಕಂತೆ, ಯಾರಿಗೂ ತೋರಿಸಬೇಕಿಲ್ಲವಂತೆ. ತೋರಿಸದೇ ಇರುವುದನ್ನು ಯಾಕೆ ಬರೆಯಬೇಕೋ... ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವಳು, ಈಗ ಹೋಂವರ್ಕ್ ಮಾಡುತ್ತಿದ್ದೇನೆ.

ಕಾಲುವೆ ದಾರಿ ಬೇಡ. ಆ ಮನೆಯ ಮುಂದೆ ಹಾಯಬೇಕಾಗುತ್ತದೆ. ಹೊಲದ ದಾರಿ ಹನ್ನೆರಡು ನಿಮಿಷ ಸುತ್ತು. ಅದೇ ಇರಲಿ.

ಅದೇ ದಿನ, ಸಂಜೆ

ನಾಲ್ಕನೇ ವರ್ಷದ ಬಿ ಕ್ಲಾಸ್ ಕೊಟ್ಟಿದ್ದಾರೆ. ಹನ್ನೊಂದು ಮಕ್ಕಳು, ಮೇ ತಿಂಗಳಲ್ಲಿ ಕೊನೆಯ ಪರೀಕ್ಷೆ. ಸೆಪ್ಟೆಂಬರಿನಿಂದ ಮೂವರು ಟೀಚರುಗಳು ಬಂದು ಓಡಿಹೋಗಿದ್ದಾರೆ. ಹೆಡ್ ಆಲ್ಡರ್ಟ್ ನನ್ನ ಮುಖ ನೋಡದೆ ಹೇಳಿದ: "ಬೇರೆ ಯಾರೂ ಒಪ್ತಾ ಇಲ್ಲ ರೂಲಿ. ಒಂದೇ ಕಷ್ಟ ಅಂದ್ರೆ... ರೆನ್ಸ್ಕೆ ಇದಾಳೆ ಅಲ್ಲಿ. ವೆಸಲ್ಲೂ ಇದಾನೆ."

ರೆನ್ಸ್ಕೆ ಟೀಮನ್‌ನ ತಂಗಿ. ಹೋದ ಜೂನಿನಲ್ಲಿ ತೀರಿಕೊಂಡ, ನನ್ನ ಕ್ಲಾಸಿನ ಟೀಮನ್. ವೆಸಲ್ ಟೀಮನ್‌ನ ಜೀವದ ಗೆಳೆಯ. ಹೋದ ವರ್ಷ ಫೇಲಾಗಿ ಅದೇ ಬೆಂಚಿನಲ್ಲಿ ಮತ್ತೆ ಕೂತಿದ್ದಾನೆ.

ಬಾಗಿಲು ದಾಟಿದೆ. ಒಂದು ಫೋನ್ ರಿಂಗಾಯಿತು. ಆಮೇಲೆ ಇನ್ನೊಂದು. ಆಮೇಲೆ ಹತ್ತು ಫೋನು ಒಟ್ಟಿಗೆ.

ಹಿಂದಿನಿಂದ ವೆಸಲ್: "ಎತ್ಬೇಡ್ರೋ, ಮೇಡಂ ಫೋನು! ಎತ್ತಿದ್ರೂ ಸತ್ತೆ, ಎತ್ತದಿದ್ರೂ ಸತ್ತೆ!"

ನಗು. ಹನ್ನೊಂದನೆಯ ಫೋನು ರೆನ್ಸ್ಕೆಯದು, ಸುಮ್ಮನಿತ್ತು. ಅವಳು ಕಿಟಕಿ ನೋಡುತ್ತಿದ್ದಳು. ತೊಡೆಯ ಮೇಲೆ ನೀಲಿ ಚೀಲ, ಜಿಪ್ ಕಿತ್ತುಹೋದದ್ದು, ಮೇಲೆ ಮಾರ್ಕರಿನಲ್ಲಿ ಟೀಮನ್ ಎಂದು ಬರೆದದ್ದು. ಅಣ್ಣನ ಚೀಲವನ್ನೇ ತರುತ್ತಾಳೆ.

ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೆಲ್ ಹೊಡೆಯುವ ತನಕ ಅಲ್ಲೇ ನಿಂತಿದ್ದೆ.

ಜನವರಿ 30

ಮತ್ತೆ ರಿಂಗು. ಹದಿನೈದು ನಿಮಿಷ ಇದ್ದೆ, ಎದ್ದುಬಂದೆ. ಮಕ್ಕಳ ಮುಂದೆ ನಡುಗುವ ಟೀಚರು. ಥೂ.

ಫೆಬ್ರವರಿ 5

ಡಾಕ್ಟರು ಕೇಳಿದರು, "ಆ ದಿನದ್ದು ಬರೆದ್ರಾ?" ಇಲ್ಲ ಎಂದೆ. "ಒಂದೇ ಒಂದ್ಸಲ ಮೊದಲಿಂದ ಕೊನೇವರೆಗೆ ಬರೀರಿ. ಆಮೇಲೆ ಬೇಕಾದ್ರೆ ಹರಿದು ಹಾಕಿ."

ಸರಿ. ಬರೆಯುತ್ತೇನೆ.

ರಿಸಲ್ಟ್ ದಿನ ಕ್ಲಾಸ್ ಟೀಚರೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವುದು. ಒಂದರಿಂದ ಎರಡು ಗಂಟೆಯೊಳಗೆ ಫೇಲಾದವರಿಗೆ, ಎರಡಾದ ಮೇಲೆ ಪಾಸಾದವರಿಗೆ. ಊರಿಗೆಲ್ಲ ಗೊತ್ತಿರುವ ಲೆಕ್ಕ. ಮಕ್ಕಳು ಫೋನನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡುತ್ತಾ ಕೂರುತ್ತಾರೆ. ಎರಡು ಹೊಡೆಯುವ ತನಕ ಅದು ಸುಮ್ಮನಿದ್ದರೆ ಗೆದ್ದ ಹಾಗೆ. ಮನೆ ಮುಂದೆ ಬಾವುಟ ಏರಿಸಿ, ಕಂಬದ ತುದಿಗೆ ಶಾಲೆಯ ಚೀಲ ತೂಗುಹಾಕುತ್ತಾರೆ.

ಟೀಮನ್ ಪಾಸಾಗುತ್ತಾನೆಂದು ಯಾರೂ ಎಣಿಸಿರಲಿಲ್ಲ. ಅವನೂ ಎಣಿಸಿರಲಿಲ್ಲ. ಎರಡು ವರ್ಷ ನಾನೇ ಅವನ ಬೆನ್ನು ಬಿದ್ದಿದ್ದೆ. ಪಟ್ಟಿ ಕೈಗೆ ಬಂತು. ಬೇಕಾದ ಸರಾಸರಿ ಹತ್ತಕ್ಕೆ ಐದೂವರೆ, ಅವನಿಗೆ ಬಂದದ್ದು ಐದೂವರೆ. ಖುಷಿಯಲ್ಲಿ ಕೈಕಾಲು ನಿಲ್ಲಲಿಲ್ಲ. ಎರಡರ ತನಕ ಕಾಯಲಾಗಲಿಲ್ಲ. ಒಂದು ನಲವತ್ತಕ್ಕೆ ಫೋನ್ ಮಾಡಿದೆ.

ಎತ್ತಲಿಲ್ಲ. ಮತ್ತೆ ಮಾಡಿದೆ.

ನನ್ನ ಹೆಸರು ನೋಡಿದವನೇ ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಸ್ಕೂಟರ್ ಹತ್ತಿದನಂತೆ. ಅಮ್ಮ ಅಂಗಳದಲ್ಲಿ ಬಾವುಟದ ಹಗ್ಗ ಬಿಡಿಸುತ್ತಿದ್ದರಂತೆ. ಕಾಲುವೆಯ ತಿರುವಿನಲ್ಲಿ ಲಾರಿ ಬಂತು. ಆಗ ಒಂದು ನಲವತ್ತಾರು.

ಹದಿನಾರು ವರ್ಷದ ಹುಡುಗ. ಫೇಲಾದೆ ಎಂದುಕೊಂಡೇ ಹೋದ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಇಪ್ಪತ್ತು ನಿಮಿಷ. ಒಂದು ಕಪ್ ಕಾಫಿ ಕುಡಿದಿದ್ದರೆ ಕಳೆದುಹೋಗುತ್ತಿತ್ತು.

'ಟೀಮನ್ ಪಾಸಾದ.' ಎರಡೇ ಪದ. ಆ ಮನೆಗೆ ಅದನ್ನು ಮುಟ್ಟಿಸಿದ್ದು ಆಲ್ಡರ್ಟ್ ಕಳಿಸಿದ ಕಾಗದ. ನನ್ನ ಬಾಯಲ್ಲಿ ಅದು ಹಾಗೇ ಉಳಿದಿದೆ. ಅವತ್ತಿನಿಂದ ಈ ಮನೆಯ ಫೋನೆಲ್ಲ ಹಾರ್ಮ್ ಎತ್ತುತ್ತಾನೆ.

ಹರಿಯಲಿಲ್ಲ.

ಫೆಬ್ರವರಿ 12

ಇವತ್ತು ಓಡಲಿಲ್ಲ. ರಿಂಗು ಶುರುವಾಯಿತು. ಕುರ್ಚಿ ಎಳೆದುಕೊಂಡು ಕೂತೆ. ಕೇಳಿಸಿಕೊಂಡೆ. ಎಷ್ಟು ಹೊತ್ತು ಅಂತ ಬಾರಿಸುತ್ತಾರೆ? ನಾಲ್ಕೈದು ನಿಮಿಷಕ್ಕೆ ಅವರಿಗೇ ಸಾಕಾಯಿತು.

"ಮುಗೀತಾ?" ಎಂದೆ.

"ಮೇಡಂ, ನಿಮ್ ಗ್ಲೌಸ್ ಒಂದೊಂದು ಒಂದೊಂದು ಥರ," ಎಂದ ವೆಸಲ್.

"ಒಂದು ನನ್ನ ಗಂಡಂದು."

"ಇನ್ನೊಂದು?"

"ಇನ್ನೊಂದು ಯಾರ್ದೋ ನಂಗೂ ಅನುಮಾನ."

ನಕ್ಕರು. ಈ ಸಲ ನನ್ನನ್ನು ಅಲ್ಲ, ಗ್ಲೌಸನ್ನು. ಬೋರ್ಡಿನ ಮೇಲೆ ಶೇಕಡಾ ಲೆಕ್ಕ ಬರೆದೆ. ಯಾರೂ ಮಾಡಲಿಲ್ಲ, ನಾನೇ ಮಾಡಿ ಅಳಿಸಿದೆ. ಆದರೂ ಪೂರ್ತಿ ಪೀರಿಯಡ್ ನಿಂತೆ. ಮನೆಗೆ ಬಂದು ಹಾರ್ಮ್‌ಗೆ ಹೇಳಿದೆ. ಅವನು ಬಟಾಣಿ ಸೂಪಿಗೆ ಇನ್ನೊಂದು ತುಂಡು ಸಾಸೇಜು ಹಾಕಿದ. ಅವನ ಹೊಗಳಿಕೆ ಅಷ್ಟೇ.

ಮಾರ್ಚ್ 4

ರಜೆ ಮುಗಿಸಿ ಬಂದಿದ್ದಾರೆ, ಇನ್ನಷ್ಟು ಕೊಬ್ಬಿ. ಪರೀಕ್ಷೆಗೆ ಹತ್ತು ವಾರವಿಲ್ಲ. ವೆಸಲ್‌ಗೆ ಹೇಳಿದೆ: ಪುಸ್ತಕವನ್ನಾದರೂ ತೆಗೆ, ಮನಸ್ಸು ಮಾಡಿದರೆ ಪಾಸಾಗುತ್ತೀಯ.

ಅವನು ಕಾಲು ಚಾಚಿ ಕೂತೇ ಹೇಳಿದ: "ಈ ಸ್ಕೂಲಲ್ಲಿ ಪಾಸಾಗ್ಬೇಕಂದ್ರೆ ಸಾಯ್ಬೇಕು ಮೇಡಂ. ಸತ್ತೋರಿಗೆ ನೀವೇ ಮಾರ್ಕ್ಸ್ ಹಾಕ್ಕೊಡ್ತೀರಲ್ಲ."

ಯಾರೂ ನಗಲಿಲ್ಲ. ರೆನ್ಸ್ಕೆ ಎದ್ದು, ಚೀಲ ಅವಚಿಕೊಂಡು ಹೊರಗೆ ಹೋದಳು.

ಆಮೇಲೆ ಆಲ್ಡರ್ಟ್‌ನನ್ನು ಹಿಡಿದು ಕೇಳಿದೆ. ಊರೆಲ್ಲ ಹೀಗೇ ಅನ್ನುತ್ತಿದೆಯಂತೆ. ಹುಡುಗ ಫೇಲಾಗಿದ್ದ, ಸತ್ತ ಮೇಲೆ ಕನಿಕರಕ್ಕೆ ಪಾಸು ಮಾಡಿದರು ಎಂದು. ಒಂಬತ್ತು ತಿಂಗಳಿಂದ. ನಾನು ಪರದೆ ಎಳೆದುಕೊಂಡು ಮನೆಯಲ್ಲಿ ಬಿದ್ದಿದ್ದೆ, ಹೊರಗೆ ಅವನ ಐದೂವರೆಯನ್ನೂ ಕಿತ್ತುಕೊಂಡಿದ್ದಾರೆ. ತುಂಬಾ ದಿನದ ಮೇಲೆ ಸಿಟ್ಟು ಬಂತು. ಅಳುವುದಕ್ಕಿಂತ ವಾಸಿ.

ಮಾರ್ಚ್ 11

ಕ್ಲಾಸಿಗೆ ಮೊದಲೇ ರೆನ್ಸ್ಕೆ ಬಂದಳು. ನನ್ನ ಜೊತೆ ಅವಳ ಮೊದಲ ಮಾತು. ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಅಣ್ಣನ ಅಂಕಪಟ್ಟಿ.

"ಅಮ್ಮ ಎತ್ತಿಟ್ಟಿದ್ದು. ಹೇಳ್ದೆ ತಂದಿದೀನಿ. ನಿಜವಾಗ್ಲೂ ಪಾಸಾಗಿದ್ನಾ ಮೇಡಂ? ಇಲ್ಲಾ ವೆಸಲ್ ಹೇಳಿದ್ದೇ ನಿಜಾನಾ?"

"ನಾನು ಹೇಳಿದ್ರೆ ನಂಬ್ತೀಯಾ?"

"ಇಲ್ಲ."

"ಹಾಗಾದ್ರೆ ನೀವೇ ಲೆಕ್ಕ ಮಾಡಿ. ಬೋರ್ಡ್ ಮೇಲೆ ಬರೀಲಾ?"

ತುಟಿ ಕಚ್ಚಿಕೊಂಡು ಹೂಂ ಎಂದಳು.

ಬರೆದೆ. ಹೆಸರಿಲ್ಲದೆ. 5.2, 4.9, 6.1, 5.8, 5.0, 6.0. ಯಾರದೆಂದು ಎಲ್ಲರಿಗೂ ತಿಳಿಯಿತು. ಕಾಗದದ ಕೆಳಗೆ ಬೇರೆ ಊರಿನ ಶಾಲೆಯ ಪರೀಕ್ಷಕರ ಸಹಿ, ತಾರೀಕು ಜೂನ್ ಆರು. ಅವನು ಹೋದದ್ದು ಹನ್ನೆರಡಕ್ಕೆ. ಅದನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಒಬ್ಬೊಬ್ಬರೂ ಬೆರಳಿಟ್ಟು ನೋಡಿದರು.

"ಯಾರು ಕೂಡ್ತೀರಿ?"

ವೆಸಲ್ ಎದ್ದ. ವರ್ಷದಲ್ಲಿ ಒಂದು ದಿನವೂ ಬೋರ್ಡಿನ ಹತ್ತಿರ ಬಂದವನಲ್ಲ. ಕೂಡಿದ. 32.9. ಆರರಿಂದ ಭಾಗಿಸಿದ. 5.48.

"ಫೇಲು," ಎಂದ. ಗೆದ್ದವನ ದನಿಯಲ್ಲ ಅದು. ನಾನು ಬಾಯಿ ತೆರೆದೆ, ಹೇಗೋ ತಡೆದುಕೊಂಡೆ. ಒಮ್ಮೆ ಆತುರಪಟ್ಟದ್ದು ಸಾಕಲ್ಲ.

ರೆನ್ಸ್ಕೆ ಕೂತಲ್ಲಿಂದಲೇ: "ಮತ್ತೆ ಕೂಡು."

ಕೂಡಿದ. ಬೆರಳಲ್ಲಿ ಎಣಿಸಿಕೊಂಡು, ತುಟಿ ಅಲ್ಲಾಡಿಸುತ್ತಾ. ದಶಾಂಶದಲ್ಲಿ ಒಂದು ಬಿಟ್ಟಿದ್ದ. 33. ಭಾಗಿಸಿದ.

"ಐದೂವರೆ," ಎಂದ. ಗೋಡೆ ನೋಡಿಕೊಂಡೇ ನಿಂತ. ಬೆಲ್ ಆಯಿತು. ಯಾರೂ ಏಳಲಿಲ್ಲ.

ಮಾರ್ಚ್ 12

ಸೈಕಲ್ ಸ್ಟ್ಯಾಂಡಿನಲ್ಲಿ ವೆಸಲ್ ಕಾಯುತ್ತಿದ್ದ. ನನ್ನ ಸೈಕಲ್ಲಿನ ಗಾಳಿ ತೆಗೆದಿದ್ದಾನೆ ಎಂದೇ ಅಂದುಕೊಂಡೆ.

"ನಂಗೆ ನೀವು ಒಂದೂಕಾಲಿಗೆ ಫೋನ್ ಮಾಡಿದ್ರಿ, ಫೇಲು ಅಂತ," ಎಂದ. "ಇಟ್ಟ ತಕ್ಷಣ ಟೀಮನ್‌ಗೆ ಮೆಸೇಜ್ ಹಾಕ್ದೆ. 'ನಂದು ಮುಗೀತು, ಇನ್ನು ನಿನ್ ಸರದಿ ಮಗನೇ' ಅಂತ. ತಮಾಷೆಗೆ ಮೇಡಂ. ಬರೀ ತಮಾಷೆಗೆ."

ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಅದು ಬರೀದೇ ಇದ್ದಿದ್ರೆ ಎತ್ತಿರ್ತಿದ್ದ, ಅಲ್ವಾ?"

"ಗೊತ್ತಿಲ್ಲ ಕಣೋ. ನಾನು ಫೋನ್ ಮಾಡ್ದೇ ಇದ್ದಿದ್ರೆ ಎತ್ತೋ ಮಾತೇ ಇರ್ಲಿಲ್ಲ."

"ಅವ್ನು ಫೇಲಾಗಿದ್ದ ಅಂತ್ಲೇ ನಂಬ್ಕೊಂಡಿದ್ದೆ. ಹಾಗಿದ್ರೆ ನಾನು ಬರ್ದಿದ್ದು ಸುಳ್ಳಾಗಲ್ಲ, ಅಂತ..."

ಅತ್ತ. ನಾನೂ ಅತ್ತೆ. ಐವತ್ತಾರು ವರ್ಷದವಳು, ಸೈಕಲ್ ಸ್ಟ್ಯಾಂಡಿನಲ್ಲಿ. ಒಂದೇ ಕಲ್ಲನ್ನು ಇಬ್ಬರೂ ಬೇರೆ ಬೇರೆ ಹೊರುತ್ತಿದ್ದೆವು.

ಏಪ್ರಿಲ್ 16

ಬರೆಯಲು ಪುರುಸೊತ್ತಿಲ್ಲ. ಬುಧವಾರ ಸಂಜೆ ಹೆಚ್ಚಿನ ಕ್ಲಾಸು. ಮೊದಲ ವಾರ ಇಬ್ಬರು, ಈಗ ಒಂಬತ್ತು. ವೆಸಲ್ ಚಿಕ್ಕಪ್ಪನ ದೋಣಿ ರಿಪೇರಿ ಶೆಡ್ಡಿನಿಂದ ನೇರ ಬರುತ್ತಾನೆ, ಮೈಯೆಲ್ಲ ಡಾಂಬರು ವಾಸನೆ. "ಲೆಕ್ಕ ಆಗ್ತಿದೆ ಮೇಡಂ, ಇಂಗ್ಲಿಷ್ ಅನ್ನೋದು ಮಾತ್ರ ನನ್ ಹಣೇಲಿ ಬರ್ದಿಲ್ಲ" ಎನ್ನುತ್ತಾನೆ. ಫೋನುಗಳನ್ನು ತಾವಾಗಿಯೇ ನನ್ನ ಮೇಜಿನ ಮೇಲೆ ತಂದಿಡುತ್ತಾರೆ. ಒಂಬತ್ತು ಫೋನು ಎದುರಿಗಿದ್ದರೂ ಪಾಠ ಮಾಡುತ್ತೇನೆ.

ಮೇ 7

ನಾಳೆಯಿಂದ ಪರೀಕ್ಷೆ. ಎಲ್ಲರೂ ಹೋದ ಮೇಲೆ ರೆನ್ಸ್ಕೆ ಉಳಿದಳು.

"ಪಾಸಾದ್ರೆ ಈ ಚೀಲನೇ ಕಂಬಕ್ಕೆ ಏರ್ಸೋದು," ಎಂದಳು. "ಮತ್ತೆ ಇನ್ನೊಂದು. ಪಾಸಾದ್ರೆ ನಂಗೆ ಒಂದು ನಲವತ್ತಕ್ಕೆ ಫೋನ್ ಮಾಡಿ."

"ಅದು ಫೇಲಾದವ್ರ ಹೊತ್ತು ಕಣೇ."

"ಗೊತ್ತು. ಫೇಲಾದ್ರೆ ಬೇರೆ ಯಾವಾಗ್ಲಾದ್ರೂ ಮಾಡಿ. ಒಂದು ನಲವತ್ತಕ್ಕೆ ಬಂದ್ರೆ ಪಾಸು ಅಂತ್ಲೇ ಅರ್ಥ. ಆ ಫೋನು ನಮ್ಮನೇಲಿ ಒಬ್ರಾದ್ರೂ ಎತ್ಬೇಕು ಮೇಡಂ. ಇಲ್ಲಾಂದ್ರೆ ಅದು ಹಾಗೇ ರಿಂಗಾಗ್ತಾನೇ ಇರುತ್ತೆ."

"ನಿಮ್ಮಮ್ಮ?"

"ಅವ್ರಿಗೆ ಹೇಳ್ತೀನಿ."

ನೋಡೋಣ ಎಂದೆ.

ಜೂನ್ 9

ಆಲ್ಡರ್ಟ್: "ನಿನ್ನ ಕ್ಲಾಸಿನ ಫೋನು ನಾನು ಮಾಡ್ತೀನಿ ರೂಲಿ. ಯಾರೂ ಏನೂ ಅಂದ್ಕೊಳ್ಳಲ್ಲ."

ಯೋಚಿಸುತ್ತೇನೆ ಎಂದು ಬಂದೆ. ಮನೆಯಲ್ಲಿ ಮಹಡಿ ಹತ್ತಿ, ಕೆಳಗಿದ್ದ ಹಾರ್ಮ್‌ಗೆ ಫೋನ್ ಮಾಡಿದೆ. ಒಂದು ವರ್ಷದಲ್ಲಿ ಮೊದಲ ಸಲ. ಬೆರಳು ಜಾರಿ ಮೂರು ಸಲ ತಪ್ಪಿತು.

"ಹಲೋ. ಏನು?"

"ಏನಿಲ್ಲ. ಕಾಫಿ ಬೇಕಾ?"

"ಬೇಕು," ಎಂದ.

ಜೂನ್ 11, ಬೆಳಗ್ಗೆ

ಕಾಲುವೆ ದಾರಿಯಲ್ಲೇ ಬಂದೆ. ಆ ಮನೆ ಮುಂದೆ ಬರೀ ಕಂಬ. ಅಂಗಳದಲ್ಲಿ ಯಾರೂ ಇರಲಿಲ್ಲ. ತಿರುವಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದೆ. ಯಾರೋ ಡ್ಯಾಫಡಿಲ್ ಹೂಗಿಡ ನೆಟ್ಟಿದ್ದಾರೆ, ಒಣಗಿ ಮಲಗಿವೆ.

ಅದೇ ದಿನ, 12.50

ಪಟ್ಟಿ ಬಂತು. ಒಂಬತ್ತು ಪಾಸು, ಎರಡು ಫೇಲು. ರೆನ್ಸ್ಕೆ ಪಾಸು. ವೆಸಲ್ ಇಲ್ಲ. ಲೆಕ್ಕದಲ್ಲಿ ಆರೂವರೆ ತೆಗೆದಿದ್ದಾನೆ. ಇಂಗ್ಲಿಷ್ ಅವನನ್ನು ಮುಳುಗಿಸಿದೆ. ಎರಡನೇ ಸಲ. ಮತ್ತೆ ಕೂರಲು ಬಿಡುವುದಿಲ್ಲ.

ಫೋನು ನಾನೇ ಮಾಡುತ್ತೇನೆ ಎಂದು ಆಲ್ಡರ್ಟ್‌ಗೆ ಹೇಳಿದೆ.

1.20

ವೆಸಲ್ ಮೊದಲ ರಿಂಗಿಗೇ ಎತ್ತಿದ.

"ಹೇಳ್ಬೇಡಿ ಮೇಡಂ. ಗಡಿಯಾರ ನೋಡಿದೀನಿ."

"ಲೆಕ್ಕದಲ್ಲಿ ಆರೂವರೆ ಕಣೋ."

"ಹೌದಾ?" ಸ್ವಲ್ಪ ತಡೆದ. "ದೋಣಿಗೆ ಲೆಕ್ಕ ಸಾಕು ಬಿಡಿ. ಇಂಗ್ಲಿಷಲ್ಲಿ ಯಾರು ತೂತು ಮುಚ್ತಾರೆ." ನಗಲು ನೋಡಿದ, ಆಗಲಿಲ್ಲ. "ಮೇಡಂ, ಈ ಸಲ ನಾನು ಯಾರಿಗೂ ಮೆಸೇಜ್ ಹಾಕಲ್ಲ."

ಇಟ್ಟ. ಸಂಜೆ ಶೆಡ್ಡಿಗೆ ಹೋಗಿ ಅವನನ್ನು ನೋಡಬೇಕು.

1.52

ಎರಡಕ್ಕೆ ಉಳಿದ ಎಂಟು ಮಕ್ಕಳಿಗೆ ಮಾಡಬೇಕು. ಅಷ್ಟರಲ್ಲಿ ಇದನ್ನು ಬರೆದಿಡುತ್ತೇನೆ.

ಒಂದು ನಲವತ್ತಕ್ಕೆ ಒತ್ತಿದೆ. ಒಂದು ರಿಂಗು. ಎರಡು. ಮೂರು. ಇಡೋಣ ಅನ್ನಿಸಿತು. ನಾಲ್ಕನೆಯದಕ್ಕೆ ಎತ್ತಿದರು. ರೆನ್ಸ್ಕೆಯ ದನಿಯಲ್ಲ.

"ಹಲೋ. ಟೀಮನ್ ಅಮ್ಮ ಮಾತಾಡ್ತಿರೋದು."

ಒಂದು ವರ್ಷದಿಂದ ಕೇಳದ ದನಿ. ಅಂತ್ಯಕ್ರಿಯೆಯ ದಿನ ನಾನು ಕಾರಿನಿಂದ ಇಳಿದಿರಲೇ ಇಲ್ಲ.

"ನಾನು... ರೂಲಿ. ಶಾಲೆಯಿಂದ."

"ಗೊತ್ತು. ಹೆಸರು ಬರುತ್ತೆ."

ಹಿಂದೆ ರೆನ್ಸ್ಕೆ ಏನೋ ಅಂದಳು, ಕೇಳಿಸಲಿಲ್ಲ.

"ರೆನ್ಸ್ಕೆ—" ಎಂದು ಶುರು ಮಾಡಿದೆ.

"ಅವಳದು ಆಮೇಲೆ," ಎಂದರು. "ಮೊದ್ಲು ಅವನದು ಹೇಳಿ. ಕಾಗದದಲ್ಲಿ ಓದಿದೀನಿ. ನಿಮ್ ಬಾಯಿಂದ ಕೇಳಿಲ್ಲ."

ಹೇಳಿದೆ.

ಆ ಕಡೆ ಕುರ್ಚಿ ಎಳೆದ ಸದ್ದು.

"ಇನ್ನೊಂದ್ಸಲ ಹೇಳಿ."

ಟೀಮನ್ ಪಾಸಾದ. ಟೀಮನ್ ಪಾಸಾದ. ಟೀಮನ್ ಪಾಸಾದ.