ಇಸ್ತ್ರಿ ಅಂಗಡಿಯ ಮೇಲಿನ ಟೂರು

ನಮ್ಮನೆಯವರಿಗೆ,

ನಾಲ್ಕು ಜನರ ಮುಂದೆ ನಿಮ್ಮನ್ನು ಹೀಗೇ ಕರೆದು ಬಾಯಿಗೆ ರೂಢಿಯಾಗಿದೆ. ಮನೆಯಲ್ಲೇ ಇಲ್ಲದವರನ್ನು ಮನೆಯವರು ಎನ್ನುವುದು ಎಂಥ ತಮಾಷೆ ಎಂದು ಈ ವಾರವಷ್ಟೇ ಹೊಳೆಯಿತು. ಬೇರೆ ಹೆಸರು ತೋಚುತ್ತಿಲ್ಲ, ತೋಚಿದವು ಕಾಗದದಲ್ಲಿ ಬರೆಯುವಂಥವಲ್ಲ. ಹಾಗಾಗಿ ಇದೇ ಇರಲಿ.

ಈ ಕೋಣೆಯ ಟಿವಿ ಎಲ್ಲಿ ಹೋಯಿತೆಂದು ಗಾಬರಿಯಾಗಬೇಡಿ. ಕಳ್ಳರು ಬಂದಿಲ್ಲ, ನಾನು ಬಂದಿದ್ದೆ. ಕುರ್ಚಿಯನ್ನು ಬಿಟ್ಟಿದ್ದೇನೆ. ಅದರಲ್ಲಿ ಕೂತು ಲೋಕವನ್ನೆಲ್ಲ ನೋಡಿದ್ದೀರಿ, ಇವತ್ತು ನಿಮ್ಮ ಮನೆಯ ಸಮಾಚಾರ ಓದಿ.

ನಮ್ಮ ಮನೆಗೆ ಟಿವಿ ತರಲು ನೀವು ಒಪ್ಪಲೇ ಇಲ್ಲ. ಅತ್ತೆ ಕೇಳಿದರು, ನಾನು ಕೇಳಿದೆ, ಮಗಳು ಗುಬ್ಬಿ ಅತ್ತು ಕೇಳಿದಳು. ಅದು ಬಂದರೆ ಮನೆ ಹಾಳು, ಮಗುವಿನ ಓದು ಹಾಳು ಎಂದಿರಿ. ನಾನು ನಂಬಿದೆ. ತಕ್ಕಡಿ ರಿಪೇರಿಗೆಂದು ಊರೂರು ಅಲೆಯುವ ಗಂಡನಿಗೆ ಆ ಪೆಟ್ಟಿಗೆ ಯಾಕೆ ಬೇಕು, ಕಣ್ಣಾರೆ ಎಲ್ಲ ನೋಡುತ್ತಾರಲ್ಲ ಎಂದು ಹೆಮ್ಮೆಯೂ ಪಟ್ಟೆ. ತಿಂಗಳಲ್ಲಿ ಅರ್ಧ ನೀವು ಟೂರಿನಲ್ಲಿ. ಬಂದ ಸಂಜೆ ನಮ್ಮ ಮನೆಯಲ್ಲಿ ಸಭೆ. ಅತ್ತೆ ಮಂಚದ ಮೇಲೆ, ಗುಬ್ಬಿ ನಿಮ್ಮ ಕಾಲ ಬುಡದಲ್ಲಿ, ನಾನು ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. ನೀವು ಹೇಳುತ್ತಿದ್ದಿರಿ. ಮೋಡದ ಮೇಲೆ ಹೋಗುವ ರೈಲು, ಮೀನು ಮಾರುವವರ ಕೂಗಿಗೆ ಬೆಳಗಾಗುವ ಪೇಟೆ, ಒಂದೇ ಕಣ್ಣಿನ ಮುದುಕ ದೋಣಿಯವನು. ಆ ದೋಣಿಯವನು ನಿಮ್ಮ ಹೆಗಲ ಮೇಲೆ ಕೈಯಿಟ್ಟು, "ಒಂದು ಕಣ್ಣು ನದಿಗೆ ಕೊಟ್ಟೆ, ಇನ್ನೊಂದು ನದಿ ನೋಡೋಕೆ ಇಟ್ಕೊಂಡೆ" ಅಂದನಂತೆ. ಗುಬ್ಬಿ ಅವನ ಚಿತ್ರ ಬರೆದು ಗೋಡೆಗೆ ಅಂಟಿಸಿದಳು.

ನನ್ನ ವಿಷಯ ನಿಮಗೆ ಗೊತ್ತಿಲ್ಲ. ಪಾತ್ರೆ ಉಜ್ಜುವಾಗ ನಾನು ಆ ದೋಣಿಯಲ್ಲಿರುತ್ತಿದ್ದೆ. ಅತ್ತೆಗೆ ಸ್ನಾನ ಮಾಡಿಸಿ ನನ್ನ ಸೊಂಟ ಹಿಡಿದುಕೊಂಡಾಗ ಮೋಡದ ರೈಲಿನ ಕಿಟಕಿಯ ಪಕ್ಕ ಕೂರುತ್ತಿದ್ದೆ. "ಮುಂದಿನ ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಎಂದು ನೀವು ಹೇಳಿದ ದಿನ ಹಳೆಯ ಸೂಟ್‌ಕೇಸು ಕೆಳಗಿಳಿಸಿ ಬಿಸಿಲಿಗಿಟ್ಟಿದ್ದೆ. ಆಮೇಲೆ ಅದರಲ್ಲಿ ಚಳಿಗಾಲದ ಹೊದಿಕೆ ತುಂಬಿಟ್ಟೆ. ಆಸೆಯ ಗಾತ್ರಕ್ಕೆ ಅಳತೆ ಮಾಡಿದ ಹಾಗೆ ಸರಿಯಾಗಿ ಹಿಡಿಸಿತು.

ಈಗ ಹೇಗೆ ಗೊತ್ತಾಯಿತು ಎಂದು ಕೇಳಿ. ನಾನು ಚೀಟಿ ಬರೆಯುವ ಹಲ್ಲಿನ ಆಸ್ಪತ್ರೆಗೆ ನಮ್ಮ ಡಾಕ್ಟರು ಒಂದು ಟಿವಿ ತಂದರು. ದವಡೆ ಊದಿಸಿಕೊಂಡು ಕೂತವರು ಒಳಗಿನ ಯಂತ್ರದ ಸದ್ದಿಗೆ ಹೆದರದಿರಲಿ ಎಂದು ದಿನವಿಡೀ ಪ್ರವಾಸದ ಚಾನೆಲ್ ಹಾಕಿಡುತ್ತಾರೆ. ಕಳೆದ ವಾರ ಒಬ್ಬ ಅಜ್ಜನಿಗೆ ಚೀಟಿ ಬರೆಯುತ್ತಿದ್ದೆ. ಹಿಂದಿನಿಂದ ಒಂದು ದನಿ, "ಇಲ್ಲಿ ಸೂರ್ಯ ಹುಟ್ಟುವ ಮೊದಲು ಮೀನು ಮಾರುವವರ ಕೂಗು ಹುಟ್ಟುತ್ತದೆ" ಎಂದಿತು. ಪೆನ್ನು ನಿಂತಿತು. ಅದು ನಿಮ್ಮ ಮಾತು. ತಲೆಯೆತ್ತಿದರೆ ಅದೇ ಪೇಟೆ, ಅದರ ಹಿಂದೆ ನದಿ. ದೋಣಿಯ ತುದಿಯಲ್ಲಿ ಕೂತ ಮುದುಕ ಈ ಕಡೆ ತಿರುಗಿದ. ಒಂದೇ ಕಣ್ಣು. ಅವನು ಆ ನಿರೂಪಕನ ಹೆಗಲ ಮೇಲೆ ಕೈಯಿಟ್ಟ. ಏನು ಹೇಳುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ನಾನು ಗಟ್ಟಿಯಾಗಿ ಹೇಳಿಬಿಟ್ಟೆನಂತೆ. ಅಜ್ಜ, "ನೀವು ಮುಂಚೆ ನೋಡಿದ್ದೀರೇನಮ್ಮ" ಎಂದು ಕೇಳಿದರು.

ಮೊದಲಿಗೆ ನಗು ಬಂತು. ಪಾಪ, ಟೂರಿನಲ್ಲಿ ಲಾಡ್ಜಿನ ಟಿವಿ ನೋಡಿ ಕತೆಗೆ ಒಂದಿಷ್ಟು ಬಣ್ಣ ಕಟ್ಟಿದ್ದಾರೆ, ಅಷ್ಟೇ ಎಂದುಕೊಂಡೆ. ಅದಕ್ಕೆ ಎರಡು ದಿನ ಮೊದಲಷ್ಟೇ ನೀವು ಬ್ಯಾಗು ಹಿಡಿದು ಹೊರಟಿದ್ದಿರಿ. ಛೇಡಿಸೋಣವೆಂದು ಫೋನ್ ಮಾಡಿದರೆ ತೆಗೆಯಲಿಲ್ಲ. ಯಾವ ಊರಲ್ಲಿದ್ದೀರಿ ಎಂದು ಕೇಳಲು ಕಂಪನಿಗೆ ಫೋನ್ ಮಾಡಿದೆ. ಫೋನ್ ತೆಗೆದ ಹುಡುಗಿ, ಹೊರಗಿನ ಊರುಗಳ ಕೆಲಸ ನಿಂತು ಎರಡು ವರ್ಷದ ಮೇಲಾಯಿತು, ಸರ್ ಇಲ್ಲೇ ಗೋಡೌನಿನಲ್ಲಿದ್ದಾರೆ, ಕರೆಯಲಾ ಎಂದಳು. ಬೇಡಮ್ಮ ಎಂದು ಫೋನಿಟ್ಟೆ.

ಮರುದಿನ ಸಂಜೆ ನಿಮ್ಮ ಗೋಡೌನಿನ ಎದುರಿನ ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ನೀವು ಬಂದಿರಿ. ಬಾಳೆಹಣ್ಣು ಕೊಂಡಿರಿ, ಬೀದಿ ನಾಯಿಗೆ ಒಂದು ಬಿಸ್ಕತ್ತು ಹಾಕಿದಿರಿ, ಹಳೆ ಪೇಟೆಯ ಹಿಂದಿನ ಗಲ್ಲಿಗೆ ತಿರುಗಿ ಇಸ್ತ್ರಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಿರಿ. ಮೇಲೆ ಕಿಟಕಿಯಲ್ಲಿ ನೀಲಿ ಬೆಳಕು ಕುಣಿಯಿತು.

ಸವತಿ ಎಂದೇ ತಿಳಿದೆ. ಯಾವ ಹೆಂಗಸೂ ಹಾಗೇ ತಿಳಿಯುತ್ತಾಳೆ. ಹಲ್ಲು ಕಚ್ಚಿ ಕಿಟಕಿಯ ಕೆಳಗೆ ನಿಂತು ಅವಳ ದನಿಗಾಗಿ ಕಿವಿಗೊಟ್ಟೆ. ಕೇಳಿಸಿದ್ದು ನೀರಿನ ಸದ್ದು. ದೋಣಿಯ ಮೋಟಾರಿನ ಸದ್ದು.

ಆ ಸದ್ದನ್ನು ನಾನು ಮೊದಲೇ ಕೇಳಿದ್ದೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಸಂಜೆ ನೆನಪಿದೆಯಲ್ಲವೇ? ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ನಿಮಗೆ ಫೋನ್ ಮಾಡಿದೆ. "ನದಿಯ ಆಚೆ ದಡದಲ್ಲಿದ್ದೀನಿ, ಕೊನೆ ದೋಣಿ ಈಗಷ್ಟೇ ಹೋಯ್ತು, ನಾಳಿದ್ದು ಬರ್ತೀನಿ, ನೀನೇ ಹೇಗೋ ನೋಡ್ಕೋ" ಎಂದಿರಿ. ನಿಮ್ಮ ದನಿಯ ಹಿಂದೆ ಇದೇ ನೀರು, ಇದೇ ಮೋಟಾರು. ಅತ್ತೆಗೂ ಕೇಳಿಸಿತು. ಅಂಥ ನೋವಿನಲ್ಲೂ ಅವರು, "ನೀರಿನ ಹತ್ರ ಹುಷಾರು ಅನ್ನು ಅವನಿಗೆ" ಎಂದರು. ನಾನು ಪಕ್ಕದ ಮನೆಯ ಡ್ರೈವರಣ್ಣನ ಕಾಲು ಹಿಡಿಯುವುದೊಂದು ಬಾಕಿ. ಅವರು ಗಾಡಿ ತಂದು, ಅತ್ತೆಯನ್ನು ಎತ್ತಿ ಮಲಗಿಸಿ, ಆಸ್ಪತ್ರೆಯಲ್ಲಿ ಮಗ ಎಲ್ಲಿ ಎಂದು ಡಾಕ್ಟರು ಕೇಳಿದಾಗ ಮಗನ ಜಾಗದಲ್ಲಿ ನಿಂತರು. ನೀವು ಹೇಳಿದ ಹಾಗೆ ನಾಳಿದ್ದೇ ಬಂದಿರಿ. ಬೂಟಿಗೆ ಕೆಸರು ಮೆತ್ತಿಕೊಂಡು ಬಂದಿರಿ. ಆ ಕೆಸರನ್ನು ತೊಳೆದವಳು ನಾನು. ಎಲ್ಲಿಂದ ತಂದು ಮೆತ್ತಿದಿರಿ? ಯಾವ ಚರಂಡಿಯಿಂದ?

ಸುಳ್ಳು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲಾಗಲಿಲ್ಲ ಎಂದು ಹೇಳುತ್ತೀರೇನೋ. ಅವತ್ತು ಎತ್ತಬೇಕಾಗಿದ್ದದ್ದು ಸುಳ್ಳನ್ನಲ್ಲ, ನಿಮ್ಮ ತಾಯಿಯನ್ನು. ಈ ಮೆಟ್ಟಿಲಿಳಿದು ಓಡಿದ್ದರೆ ಅವರ ಕಣ್ಣೀರು ಒಣಗುವ ಮೊದಲು ಮನೆಯಲ್ಲಿರುತ್ತಿದ್ದಿರಿ.

ಮೇಲೆ ಹತ್ತಿ ಬಂದು ಬಾಗಿಲು ಬಡಿಯಲಿಲ್ಲ. ಏನು ಮಾಡುತ್ತೇನೋ ಎಂಬ ಭಯ ನನಗೇ ಇತ್ತು. ಕೆಳಗೆ ಇಸ್ತ್ರಿ ಹಾಕುತ್ತಿದ್ದ ಹೆಂಗಸನ್ನು ಮೇಲೆ ಯಾರಿದ್ದಾರೆ ಎಂದು ಕೇಳಿದೆ. ಈ ಮನೆಯ ಯಜಮಾನಿ ಆಕೆಯೇ. "ಒಬ್ಬರೇ ಇರ್ತಾರೆ. ಯಾರೂ ಬರಲ್ಲ ಹೋಗಲ್ಲ. ಊಟ, ಟಿವಿ, ನಿದ್ದೆ, ಅಷ್ಟೇ. ಪಾಪ, ಹಿಂದೆ ಮುಂದೆ ಯಾರೂ ಇಲ್ಲವಂತೆ" ಎಂದಳು. ನಿಜವಾಗಿ ಹಾಗೆ ಹೇಳಿದರಾ ಎಂದೆ. "ಹೆಂಡತಿ ಮಕ್ಕಳು ಅಂತ ಕೇಳಿದ್ದೆ. ಆ ಯೋಗ ಇಲ್ಲ ಅಂದ್ರು" ಎಂದಳು.

ಸವತಿಯಿದ್ದಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯುತ್ತಿದ್ದೆ. ಟಿವಿಗೆ ಜುಟ್ಟೆಲ್ಲಿದೆ? ಜನ ಕೇಳಿದರೆ ಏನು ಹೇಳಲಿ? ಕುಡಿತವಿಲ್ಲ, ಜೂಜಿಲ್ಲ, ಹೆಣ್ಣಿಲ್ಲ. ನನ್ನ ಗಂಡ ಕುರ್ಚಿಯಲ್ಲಿ ಕೂತಿರಲು ನಮ್ಮನ್ನೆಲ್ಲ ಸಾಯಿಸಿಬಿಟ್ಟರು ಎನ್ನಲೇ?

ಮರುದಿನ ನೀವು ಕೆಲಸಕ್ಕೆ ಹೋದ ಮೇಲೆ ಮತ್ತೆ ಬಂದೆ. ನಾನು ಯಾರೆಂದು ಆಕೆಗೆ ಹೇಳಿದೆ. ಆಕೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಇನ್ನೊಂದು ಕೀಲಿ ತಂದು ಕೈಯಲ್ಲಿಟ್ಟಳು.

ಎಷ್ಟು ಚೊಕ್ಕಟವಾಗಿದೆ ಈ ಕೋಣೆ! ಮನೆಯಲ್ಲಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆಸೆಯುವ ನೀವು ಇಲ್ಲಿ ಅದನ್ನು ಮಡಿಸಿ ಹಾಕಿದ್ದೀರಿ. ಲೋಟ ತೊಳೆದು ಬೋರಲು ಹಾಕಿದ್ದೀರಿ. ನಿಮಗೆ ಲೋಟ ತೊಳೆಯಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಕುರ್ಚಿಯಲ್ಲಿ ಕೂತೆ. ಬೈಯುತ್ತಲೇ ಕೂತೆ. ಸ್ವಲ್ಪ ಹೊತ್ತಿನಲ್ಲಿ ಬೈಗುಳ ನಿಂತುಹೋಯಿತು. ಯಾರೂ ಕರೆಯಲಿಲ್ಲ. ಹಾಲು ಉಕ್ಕಲಿಲ್ಲ, ಬಾಗಿಲ ಗಂಟೆ ಬಡಿಯಲಿಲ್ಲ, ಔಷಧಿ ಹೊತ್ತಾಯಿತೆಂದು ಯಾರೂ ಕೂಗಲಿಲ್ಲ. ಮೈಯೆಲ್ಲ ಹಗುರಾಗಿ ಕಣ್ಣು ತೂಗಿತು. ಈ ಸುಖ ಎಂಥದೆಂದು ನನಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಮೈ ಉರಿದುಹೋಯಿತು. ಇಂಥದೊಂದು ಕುರ್ಚಿ ನನಗೂ ಬೇಕಾಗಿತ್ತು. ಮದುವೆಯಾದಾಗಿನಿಂದ ಬೇಕಾಗಿತ್ತು. ಕೆಲಸ ಬದಲಾಯಿತು, ಮನೆಯ ಗಲಾಟೆ ತಡೆಯಲಾಗುತ್ತಿಲ್ಲ, ಒಂದಿಷ್ಟು ಹೊತ್ತು ಸುಮ್ಮನೆ ಕೂರಬೇಕು ಎಂದು ನೀವು ಬಾಯಿಬಿಟ್ಟು ಹೇಳಿದ್ದರೆ ನಾವು ಸರದಿಯ ಮೇಲೆ ಕೂರಬಹುದಾಗಿತ್ತು. ನಿಮ್ಮ ನೆಮ್ಮದಿಯ ಕೂಲಿಯಾಳು ನಾನಾದೆ, ನನಗೇ ತಿಳಿಯದ ಹಾಗೆ.

ಅತ್ತೆಯಿಂದ ಮುಚ್ಚಿಡಲಿಲ್ಲ. ಈ ಮನೆಯಲ್ಲಿ ಒಬ್ಬರು ಮುಚ್ಚಿಟ್ಟದ್ದು ಸಾಕು. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು. "ನಾನು ಬಿದ್ದ ದಿನವೂ ಅಲ್ಲೇ ಇದ್ದನಾ?" ಹೌದು ಎಂದೆ. ಗೋಡೆಗೆ ಮುಖ ತಿರುಗಿಸಿದರು. ಊಟ ಬೇಡವೆಂದರು. ಮರುದಿನ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅವರಾಗಿಯೇ, "ನೀನು ಮಗೂನ ಕರ್ಕೊಂಡು ಎಲ್ಲಾದ್ರೂ ಹೋಗಿ ಬಾ. ಅವನು ಬಂದು ನನ್ನ ಬೆಡ್‌ಪ್ಯಾನ್ ತೆಗೀಲಿ. ಹೆತ್ತಿದ್ದೀನಿ, ಅಷ್ಟು ಹಕ್ಕಿದೆ ನನಗೆ" ಎಂದರು. ಮದುವೆಯಾಗಿ ಬಂದಾಗಿನಿಂದ ನನಗೂ ಅವರಿಗೂ ಅಷ್ಟಕ್ಕಷ್ಟೇ ಎಂದು ನಿಮಗೆ ಗೊತ್ತು. ಅವತ್ತು ನಾನು ಅವರ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಗುಬ್ಬಿಗೆ ಎಲ್ಲವನ್ನೂ ಹೇಳಲಿಲ್ಲ. ಅಪ್ಪ ಆ ಊರುಗಳಿಗೆ ಹೋಗಿರಲಿಲ್ಲ, ಟಿವಿಯಲ್ಲಿ ನೋಡಿ ಹೇಳುತ್ತಿದ್ದರು ಎಂದಷ್ಟೇ ಹೇಳಿದೆ. ಅವಳು ಅಳಲಿಲ್ಲ. "ನಾನು ಬರೆದ ಚಿತ್ರಾನ ದೋಣಿ ತಾತನಿಗೆ ಕೊಟ್ಟಿದ್ದಕ್ಕೆ ಅವನು ನಕ್ಕ ಅಂದಿದ್ರಲ್ಲ ಅಪ್ಪ, ಅದು?" ಎಂದು ಕೇಳಿದಳು. ಅವಳು ಎರಡನೆಯ ಸಲ ಬರೆದು ನಿಮ್ಮ ಬ್ಯಾಗಿನಲ್ಲಿಟ್ಟಿದ್ದ ಆ ಚಿತ್ರ ಎಲ್ಲಿದೆ? ಈ ಕೋಣೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಬೇರೆ ಎಲ್ಲವನ್ನೂ ಒಂದು ದಿನ ಕ್ಷಮಿಸಿಯೇನು. ಅದಕ್ಕೆ ನೀವು ಅವಳ ಮುಂದೆ ಕೂತು ಉತ್ತರ ಹೇಳಬೇಕು.

ಟಿವಿಯನ್ನು ಡ್ರೈವರಣ್ಣನ ಗಾಡಿಯಲ್ಲಿ ಮನೆಗೆ ಸಾಗಿಸಿದ್ದೇನೆ. ಅತ್ತೆಯ ಮಂಚದ ಎದುರಿಗಿದೆ. ರಿಮೋಟು ಅವರ ದಿಂಬಿನ ಕೆಳಗೆ. ಅವರಿಗೆ ಪ್ರವಾಸದ ಚಾನೆಲ್ ಬೇಡವಂತೆ, ಅಡುಗೆಯ ಕಾರ್ಯಕ್ರಮ ನೋಡಿ ಆ ಹೆಂಗಸಿಗೆ ಒಗ್ಗರಣೆ ಹಾಕಲು ಬರುವುದಿಲ್ಲವೆಂದು ಬೈಯುತ್ತಿದ್ದಾರೆ. ನಿಮ್ಮ ದೋಣಿ, ನಿಮ್ಮ ರೈಲು ಬೇಕೆಂದರೆ ಅವರನ್ನು ಕೇಳಿಕೊಳ್ಳಿ.

ಗುಬ್ಬಿಗೆ ಶಾಲೆ ರಜೆ. ನಾವಿಬ್ಬರೂ ಹೊರಟಿದ್ದೇವೆ. ಯಾವ ಊರಿಗೆ ಹೋಗೋಣ ಎಂದು ಕೇಳಿದ್ದಕ್ಕೆ, "ಅಪ್ಪ ಹೇಳಿದ ಯಾವ ಊರೂ ಬೇಡ. ನಮಗೆ ಯಾರೂ ಹೇಳದ ಊರಿಗೆ ಹೋಗೋಣ" ಎಂದಳು. ಬಸ್ ನಿಲ್ದಾಣದಲ್ಲಿ ಬೋರ್ಡುಗಳನ್ನು ಅವಳೇ ಓದುತ್ತಾಳೆ, ಹೆಸರು ಹಿಡಿಸಿದ ಬಸ್ಸು ಹತ್ತುತ್ತೇವೆ. ತಲುಪಿದ ಕೂಡಲೇ ಊರ ಹೆಸರು, ಉಳಿದುಕೊಂಡ ಮನೆಯ ವಿಳಾಸ ಎಲ್ಲವನ್ನೂ ಅತ್ತೆಗೆ ಫೋನ್ ಮಾಡಿ ತಿಳಿಸುತ್ತೇನೆ. ನಿಮಗೆ ಹೇಳುವುದು ಬಿಡುವುದು ಅವರ ಇಷ್ಟ.

ನಾನು ವಾಪಸು ಬರುತ್ತೇನೆ. ಆ ಮನೆ ನನ್ನದು, ಅಲ್ಲಿನ ಒಂದೊಂದು ಡಬ್ಬಿಯೂ ನನ್ನದು. ನಿಮ್ಮ ಜೊತೆ ಬಾಳುತ್ತೇನೋ ಇಲ್ಲವೋ ಎಂಬುದನ್ನು ಬಂದ ಮೇಲೆ ನೋಡೋಣ.

ಡ್ರೈವರಣ್ಣನ ಹೆಂಡತಿ ಕತ್ತಲಾಗುವವರೆಗೆ ಅತ್ತೆಯ ಹತ್ತಿರ ಇರುತ್ತಾರೆ, ಆಮೇಲೆ ಅವರಿಗೂ ಮನೆಯಿದೆ. ಹಾಗಾಗಿ ಈಗಲೇ ಏಳಿ. ಅತ್ತೆಗೆ ನೋವಾದರೆ ಬಾಯಿಬಿಟ್ಟು ಹೇಳುವುದಿಲ್ಲ, ಕೆಳತುಟಿ ಕಚ್ಚುತ್ತಾರೆ, ಮುಖ ನೋಡುತ್ತಿರಬೇಕು. ಮಗ್ಗುಲು ಬದಲಿಸುವಾಗ ತೋಳು ಹಿಡಿದು ಎಳೆಯಬೇಡಿ, ಬೆನ್ನ ಕೆಳಗೆ ಕೈ ಕೊಟ್ಟು ನಿಧಾನವಾಗಿ ಎತ್ತಿ. ಅವರು ಬೈದರೆ ಬೈಸಿಕೊಳ್ಳಿ. ಮಾತೇ ಆಡದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂತಿರಿ.

ನಿಮಗೆ ಒಳ್ಳೆಯದಾಗಲಿ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಅತ್ತೆ ಬೇಗ ಎದ್ದು ಓಡಾಡುವಂತಾಗಲಿ.

ಇಂತಿ,
ನಿಮ್ಮ ತಾಯಿಯ ಸೊಸೆ